ಉಡಿ ತುಂಬಿದ ಪ್ಲಾಟು

ಆದದ್ದು ಇಷ್ಟೇ: ಪ್ಲಾಟು ನೋಡಲು ಹೋದವರು ಪ್ಲಾಟೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡಿ ಬಂದೆವು. ಸಾಕ್ಷಿ ಬೇಕೆಂದರೆ ಆ ಸಂಜೆ ನಮ್ಮ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡಬೇಕಿತ್ತು. ಮಗನ ಬೂಟು ಅಂಗಡಿಯಿಂದ ಆಗಷ್ಟೇ ತಂದಂತಿತ್ತು, ಸೊಸೆಯ ಚಪ್ಪಲಿಗೆ ಧೂಳು ಸಹ ಹತ್ತಿರಲಿಲ್ಲ. ನನ್ನ ಹವಾಯಿ ಚಪ್ಪಲಿಗಳು ಮಾತ್ರ ಎರೆ ಮಣ್ಣು ಮೆತ್ತಿಕೊಂಡು ಎಮ್ಮೆಯ ಗೊರಸಿನಷ್ಟು ದಪ್ಪಗಾಗಿದ್ದವು. ಜಾಗ ಕೊಳ್ಳಲು ಹೊರಟ ಮನೆಯವರೆಲ್ಲರ ಪೈಕಿ ನೆಲದ ಮೇಲೆ ಕಾಲಿಟ್ಟವಳು ಒಬ್ಬಳೇ, ಅವಳೂ ಅದಕ್ಕಾಗಿ ಹೋದವಳಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆಮೇಲಿನ ಕಲಿಕೆಯೆಲ್ಲ ಬಾಡಿಗೆ ಮನೆಗಳಲ್ಲಿ. ಹಳೆಯ ಹುಬ್ಬಳ್ಳಿಯ ಓಣಿಗಳಿಂದ ಹಿಡಿದು ಈಗಿನ ಉಣಕಲ್ಲಿನ ಮನೆಯವರೆಗೆ, ಪಾತ್ರೆಪಗಡಿ ಗಂಟು ಕಟ್ಟುವುದೂ ಬಿಚ್ಚುವುದೂ ನನ್ನ ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಮಾಲೀಕರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ ಸಪ್ಪಳಕ್ಕೇ ಮನೆ ಬಿಡುವ ಮಾತೋ ಬಾಡಿಗೆ ಏರಿಸುವ ಮಾತೋ ಎಂದು ಹೇಳಬಲ್ಲೆ. ನನಗೆ ಅದರ ಬೇಸರವೂ ಹೋಗಿ ಬಹಳ ಕಾಲವಾಯಿತು. ಆದರೆ ಸೊಸೆ ಶೋಭಾಳಿಗೆ ಹೋಗಿಲ್ಲ. ಅವಳ ತವರಿನವರು ಕೊಟ್ಟ ಗೋಡೆ ಗಡಿಯಾರ ಮದುವೆಯಾದಾಗಿನಿಂದ ಕಪಾಟಿನ ಮೇಲೆ ಅಂಗಾತ ಮಲಗಿ ಮಾಳಿಗೆಗೆ ವೇಳೆ ತೋರಿಸುತ್ತಿದೆ, ಏಕೆಂದರೆ ಈ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ. "ಯಾರನ್ನೂ ಕೇಳದs ಒಂದ ಮೊಳಿ ಹೊಡಿಬೇಕ್ರಿ ಅತ್ತಿ, ಅಷ್ಟs ನನ್ನ ಆಸೆ," ಎಂದು ಒಮ್ಮೆ ಹೇಳಿದ್ದಳು. ನನ್ನ ಮಗ ವೀರಣ್ಣ ತಾರಿಹಾಳದ ವರ್ಕ್‌ಶಾಪಿನಲ್ಲಿ ಲೇಥು ಓಡಿಸುತ್ತಾನೆ. ದಿನಕ್ಕೆ ಎಷ್ಟೋ ಕಬ್ಬಿಣ ಕೊರೆಯುವವನು ಹೆಂಡತಿಗಾಗಿ ಗೋಡೆಗೆ ಒಂದು ತೂತು ಕೊರೆಯಲಾರದೆ ಹೋದ. ಇಬ್ಬರೂ ಉಳಿಸಿದ ದುಡ್ಡು ಒಂದು ಸಲ ಜಾಗ ಕೊಳ್ಳಲು ಸಾಲುವಷ್ಟಿದೆ. ತಪ್ಪಿದರೆ ಎರಡನೆಯ ಸಲವಿಲ್ಲ.

ಪ್ಲಾಟು ತೋರಿಸಿದವರು ನಮ್ಮ ಬೀಗರು, ಅಂದರೆ ನನ್ನ ಮಗಳ ಮಾವ ಚನಬಸಪ್ಪನವರು. ನಿವೃತ್ತಿಯಾದ ಮೇಲೆ ಈ ವ್ಯವಹಾರಕ್ಕೆ ಇಳಿದಿದ್ದಾರೆ. ಮನುಷ್ಯ ಕೆಟ್ಟವರಲ್ಲ, ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ತೊಡಕು ಇರುವುದೇ ಅಲ್ಲಿ. ಗುರುತಿಲ್ಲದ ಏಜೆಂಟನಿಗೆ ಹತ್ತು ಪ್ರಶ್ನೆ ಕೇಳಬಹುದು, ಬೀಗರಿಗೆ ಒಂದು ಕೇಳಿದರೂ ಮಗಳ ಮನೆಯವರೆಗೆ ಮುಟ್ಟುತ್ತದೆ. ಅದಕ್ಕೇ ಮೊದಲ ಬುದ್ಧಿಮಾತು ಇಲ್ಲೇ ಹೇಳಿಬಿಡುತ್ತೇನೆ: ಯಾರ ಮುಖಕ್ಕೆ ಹೊಡೆದಂತೆ 'ಬೇಡ' ಅನ್ನಲು ನಿಮಗೆ ಆಗುವುದಿಲ್ಲವೋ ಅವರ ಕೈಯಿಂದ ಜಾಗ ಕೊಳ್ಳಬೇಡಿ. ಕೇಳದಿದ್ದರೂ ನನಗೆ ಸಿಟ್ಟಿಲ್ಲ. ನನ್ನ ಮಾತು ಕೇಳದಿರುವುದು ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿರುವ ಪದ್ಧತಿಯೇ.

ರವಿವಾರ ಬೀಗರೇ ಕಾರು ತಂದು ಕರೆದೊಯ್ದರು. ಮೊದಲು ಅವರ ಮನೆಯಲ್ಲಿ ಊಟ: ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಮೇಲೆ ಗಡಿಗೆ ಗಡಿಗೆ ಮಜ್ಜಿಗೆ. ಅಂಥ ಊಟ ಉಂಡವರು ಕಾರಿನಲ್ಲಿ ತೂಕಡಿಸುತ್ತಾರೆಯೇ ಹೊರತು ಹಾದಿ ನೋಡುವುದಿಲ್ಲ. ಶಿರಗುಪ್ಪಿ ಕಡೆಯ ರಸ್ತೆಯಲ್ಲಿ ಎಲ್ಲಿ ಹೊರಳಿದೆವು, ಅಲ್ಲಿಂದ ಬಸ್ಸು ಎಷ್ಟು ದೂರ, ಒಂದೂ ನಮ್ಮ ತಲೆಯಲ್ಲಿ ಉಳಿಯಲಿಲ್ಲ. ಎರಡನೆಯ ಬುದ್ಧಿಮಾತು ಇದು: ಖಾಲಿ ಹೊಟ್ಟೆಯಲ್ಲಿ ಹೋಗಿ, ಬಸ್ಸಿನಲ್ಲಿ ಹೋಗಿ, ಇಳಿದು ನಡೆಯಿರಿ. ಕಾರಿನಲ್ಲಿ ಎಲ್ಲ ಊರೂ ಹತ್ತಿರವೇ.

ಅಲ್ಲಿ ಕಮಾನು ಕಟ್ಟಿದ್ದರು. ರಸ್ತೆಗಳೆಂದರೆ ಸುಣ್ಣದ ಗೆರೆಗಳು. ಬೀಗರು ಬಣ್ಣದ ನಕ್ಷೆ ಹರಡಿ, ಇಲ್ಲಿ ಉದ್ಯಾನ, ಇಲ್ಲಿ ಹಿರಿಯ ನಾಗರಿಕರ ಕಟ್ಟೆ ಎಂದು ಬೆರಳಾಡಿಸಿದರು. ನನ್ನ ಸಲುವಾಗಿ ಕಟ್ಟೆ ಇದೆಯೆಂದು ಎಲ್ಲರೂ ನನ್ನತ್ತ ನೋಡಿ ನಕ್ಕರು. ನಕ್ಷೆಯಲ್ಲಿ ಕಟ್ಟೆಯಿದ್ದ ಜಾಗದಲ್ಲಿ ಒಂದು ಕತ್ತೆ ನಿಂತಿತ್ತು. ನಮ್ಮ ಪ್ಲಾಟಿನ ಮುಂಭಾಗಕ್ಕೆ ಕೆಂಪು ಗರಸು ಮಣ್ಣು ಹಾಕಿಸಿ, ಮೇಲೆ ಜಮಖಾನೆ ಹಾಸಿದ್ದರು. ಅದರ ಮೇಲೆ ನಿಂತು ಈಶಾನ್ಯ ಯಾವುದು, ಬಾಗಿಲು ಯಾವ ದಿಕ್ಕಿಗೆ, ದೇವರ ಕೋಣೆ ಎಲ್ಲಿ, ಎಲ್ಲ ವಿಚಾರವಾಯಿತು. ವಾಸ್ತು ನೋಡುವಾಗ ನಮ್ಮವರ ಕಣ್ಣು ಎಂಟೂ ದಿಕ್ಕಿಗೆ ಹೋಗುತ್ತದೆ, ಕೆಳಗೊಂದು ದಿಕ್ಕಿದೆ ಎಂಬುದು ಮರೆತುಹೋಗುತ್ತದೆ.

"ಬೀಗರs, ಮಳಿಗಾಲದಾಗ ಇಲ್ಲಿ ನೀರು ನಿಲ್ತಾವೇನ್ರಿ?" ಎಂದು ಕೇಳಿದೆ.

"ನಿಲ್ಲಲಿ ಬಿಡ್ರಿ ಬೀಗತಿಯಾರ, ನೀರು ನಿಂತ್ರ ಲಕ್ಷ್ಮಿ ನಿಂತಂಗ!"

"ಲಕ್ಷ್ಮಿ ಒಬ್ಬಾಕಿನ ನಿಂತ್ರ ಅಡ್ಡಿಯಿಲ್ರಿ. ಕಪ್ಪಿ ಕರಕೊಂಡು ಬಂದ್ರ ಹೆಂಗ?"

ನಕ್ಕರು. ನಗಿಸಿದ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ಚನಬಸಪ್ಪನವರ ಹೆಂಡತಿ, ನಮ್ಮ ಬೀಗತಿ, ಶೋಭಾಳನ್ನು ಜಮಖಾನೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಕೂರಿಸಿ, ಖಣ, ಕಾಯಿ, ಅಕ್ಕಿ, ಎಲೆ ಅಡಿಕೆ ಹಾಕಿ ಉಡಿ ತುಂಬತೊಡಗಿದರು. ಇದು ಬೇರೆ ಸೀಮೆಯವರಿಗೆ ತಿಳಿಯದಿರಬಹುದು. ನಮ್ಮ ಕಡೆ ತವರಿಗೆ ಬಂದ ಮಗಳಿಗೆ, ಬಸುರಿಗೆ, ಮನೆಗೆ ಬಂದ ಮುತ್ತೈದೆಗೆ ಸೆರಗೊಡ್ಡಿಸಿ ಉಡಿ ತುಂಬುತ್ತಾರೆ. ತುಂಬಿಸಿಕೊಂಡವಳಿಗೆ ಆ ಮನೆಯೊಂದಿಗೆ ಒಂದು ಗಂಟು ಬಿದ್ದಂತೆಯೇ. ಬಯಲು ಹೊಲದಲ್ಲಿ ಪ್ಲಾಟಿನ ಮೇಲೆ ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು. ಶೋಭಾಳ ಕಣ್ಣಲ್ಲಿ ನೀರು ಬಂತು. ನನಗೆ ಆಗಲೇ ಅನ್ನಿಸಿತು, ಈ ವ್ಯಾಪಾರ ಕುದುರಿದಂತೆಯೇ ಎಂದು.

ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಅದನ್ನು ಅತ್ತು ಹೇಳುತ್ತಿಲ್ಲ. ಆ ಹೊತ್ತಿಗೆ ಪುರುಸೊತ್ತಿದ್ದವಳು ನಾನೊಬ್ಬಳೇ ಎಂಬುದಕ್ಕೆ ಹೇಳಿದೆ. ನೆಲವನ್ನು ಪರೀಕ್ಷಿಸುವ ಹಂಬಲವೂ ನನಗಿರಲಿಲ್ಲ. ಉಂಡ ಮಜ್ಜಿಗೆ ತನ್ನ ಕೆಲಸ ಮಾಡಿತ್ತು. ನಕ್ಷೆಯಲ್ಲಿ ಉದ್ಯಾನವಿದ್ದರೂ ಮರೆಯೊಂದಿರಲಿಲ್ಲವಾದ್ದರಿಂದ, ಹಿಂದೆ ದೂರದಲ್ಲಿ ಕಂಡ ಜಾಲಿ ಕಂಟಿಯ ಕಡೆಗೆ ನಡೆದೆ. ಗರಸು ಮುಗಿದಲ್ಲಿ ಕಾಲು ಹೂತಿತು. ಹಿಂದಿನ ದಿನ ಅಡ್ಡಮಳೆ ಸಣ್ಣಗೆ ಬಿದ್ದಿತ್ತಷ್ಟೆ. ಅಷ್ಟಕ್ಕೇ ಎರೆ ಭೂಮಿ ಚಪ್ಪಲಿ ಹಿಡಿದುಕೊಂಡು ಬಿಡಲೊಲ್ಲದು. ಕಂಟಿಯ ಹತ್ತಿರ ಹೋದರೆ ಅದರ ಮುಳ್ಳುಗಳಿಗೆ ನನ್ನ ಮೊಣಕಾಲ ಮಟ್ಟಕ್ಕೆ ಪ್ಲಾಸ್ಟಿಕ್ ಚೀಲ, ಹುಲ್ಲು, ಹರಕು ಬಟ್ಟೆ ಸಿಕ್ಕಿಕೊಂಡು ಒಣಗಿದ್ದವು, ಒಂದೇ ಸಾಲಿನಲ್ಲಿ, ಸೀರೆಗೆ ಅಂಚು ಹಚ್ಚಿದ ಹಾಗೆ. ಅದರಾಚೆ ತಗ್ಗಿನಲ್ಲಿ ಆಪು ಹುಲ್ಲು ಬೆಳೆದಿತ್ತು. ನೀರಿಲ್ಲದಲ್ಲಿ ಆಪು ಬೆಳೆಯುವುದಿಲ್ಲ, ಗಾಳಿ ಕಸವನ್ನು ಹಾಗೆ ಅಳತೆ ಮಾಡಿ ಕಟ್ಟುವುದೂ ಇಲ್ಲ. ಹೋದ ಮಳೆಗಾಲ ಅಲ್ಲಿಗೆ ಬಂದು, ನಿಂತು, ತನ್ನ ಗುರುತು ಬಿಟ್ಟು ಹೋಗಿತ್ತು. ಹೋದ ಕೆಲಸ ಮುಗಿಸಿಕೊಂಡು ಬಂದೆ.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಕಂಡಕ್ಟರಿದ್ದಾನೆ. ಮುಂದೆ ದೊಡ್ಡ ರಸ್ತೆ ಬರುತ್ತದೆಂದು ಪ್ಲಾಟು ಹಿಡಿದು, ಈಗ ಅಮಾವಾಸ್ಯೆಗೊಮ್ಮೆ ಹೋಗಿ ಮೂಲೆಯ ಕಲ್ಲಿಗೆ ಕಾಯಿ ಒಡೆದು, ಛತ್ರಿ ಹಿಡಿದು ಕೂತು, ಡಬ್ಬಿಯ ಚಪಾತಿ ತಿಂದು ಬರುತ್ತಾನೆ. ರಸ್ತೆ ಬಂದಿಲ್ಲ, ಕೊಳ್ಳುವವರೂ ಬಂದಿಲ್ಲ. ಮುಂದೆ ಬರುವುದನ್ನು ನೋಡಿ ಕೊಳ್ಳಬೇಡಿ, ಈಗ ಇರುವುದನ್ನು ನೋಡಿ. ಪಕ್ಕದಲ್ಲಿ ಯಾರಾದರೂ ಆಗಲೇ ಮನೆ ಕಟ್ಟಿಕೊಂಡಿದ್ದರೆ ಅವರ ಹಿತ್ತಲ ಬಾಗಿಲಿಗೆ ಹೋಗಿ, ನಲ್ಲಿ ನೀರು ಎಷ್ಟು ದಿವಸಕ್ಕೊಮ್ಮೆ ಬರುತ್ತದೆ, ಗೋಡೆ ಬಿರಿದಿದೆಯೇ ಎಂದು ಆ ಮನೆಯ ಹೆಂಗಸನ್ನು ಕೇಳಿ. ಎರೆ ಮಣ್ಣು ಬೇಸಿಗೆಯಲ್ಲಿ ಸೀಳುತ್ತದೆ, ಮಳೆಗೆ ಉಬ್ಬುತ್ತದೆ. ಅಡಿಪಾಯಕ್ಕೆ ಸುರಿದ ದುಡ್ಡಿನಲ್ಲಿ ಅರ್ಧ ಮನೆ ಏಳುತ್ತದೆ. ಕಾಗದಪತ್ರವನ್ನು ನಿಮ್ಮ ವಕೀಲರಿಗೆ ತೋರಿಸಿ, ಮಾರುವವರು ಕರೆತಂದ ವಕೀಲರಿಗಲ್ಲ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇನ್ನೂ ಹೊಲವೆಂದೇ ಇದ್ದರೆ ಅದು ಹೊಲವೇ, ಎಷ್ಟು ಕಮಾನು ಕಟ್ಟಿದರೂ. ಎಲ್ಲಕ್ಕಿಂತ ಮುಖ್ಯ, ಮಳೆ ಹಿಡಿದ ಶ್ರಾವಣದಲ್ಲಿ ಒಮ್ಮೆ ಹೋಗಿ ಬನ್ನಿ. ನಮ್ಮವರು ಯುಗಾದಿ, ಬಸವ ಜಯಂತಿ, ಅಕ್ಷಯ ತೃತೀಯ ಎಂದು ಒಳ್ಳೆಯ ದಿನ ಹುಡುಕುತ್ತಾರೆ. ಎಲ್ಲವೂ ಬಿರುಬೇಸಿಗೆಯಲ್ಲೇ ಬರುತ್ತವೆ. ಆಗ ಕೆರೆಯ ಅಂಗಳವೂ ಪ್ಲಾಟಿನಂತೆಯೇ ಕಾಣುತ್ತದೆ.

ಇಷ್ಟೆಲ್ಲ ನಿಮಗೆ ಹೇಳುವುದು ಸುಲಭ. ಆ ಸಂಜೆ ಮನೆಯಲ್ಲಿ ಹೇಳುವುದು ಸುಲಭವಿರಲಿಲ್ಲ. ಮರುದಿನ ಸೋಮವಾರ ಬೀಗರ ಕೈಗೆ ಸಂಚಕಾರದ ಮುಂಗಡ ಹಣ ಕೊಡುವುದೆಂದು ಮಾತಾಗಿತ್ತು. ಉಡಿಯ ಕಾಯಿಯನ್ನು ಶೋಭಾ ದೇವರ ಮುಂದೆ ಇಟ್ಟಿದ್ದಳು. ಜಾಲಿ ಕಂಟಿಯಲ್ಲಿ ಕಂಡದ್ದನ್ನು ಹೇಳಿದೆ.

"ಯವ್ವಾ, ಈಗ ಬ್ಯಾಡ ಅಂದ್ರ ಬೀಗರು ಏನ್ ತಿಳ್ಕೋತಾರ? ಅಕ್ಕ ಆ ಮನ್ಯಾಗ ಇರಬೇಕಲ್ಲ," ಎಂದ ವೀರಣ್ಣ.

"ನಿಮ್ಮಕ್ಕ ಗಟ್ಟಿ ಮಾಳಿಗಿ ಕೆಳಗ ಅದಾಳ. ನೀರಾಗ ಇರಾವ ನೀನು."

ಶೋಭಾ ಒಲೆಯ ಕಡೆಗೇ ಮುಖ ಮಾಡಿ ಮಾತಾಡಿದಳು. "ಉಡಿ ತುಂಬ್ಯಾರ್ರಿ ಅತ್ತಿ. ತುಂಬಿದ ಉಡಿ ಹೊಳ್ಳಿ ಕೊಡಾಕ ಬರತೈತೇನ್ರಿ? ನಿಮಗೇನ್ರಿ, ಎಲ್ಲಾ ಮನಿ ಒಂದs. ನನಗ ಮೊಳಿ ಹೊಡ್ಯಾಕ ಒಂದ ಗ್ವಾಡಿ ಬೇಕು."

"ಹೊಳ್ಳಿ ಕೊಡು ಅಂತ ಯಾರ್ ಅಂದ್ರು? ಮೊಳಿ ಹೊಡದ್ರ ಆತೇನವಾ, ಗಡಿಯಾರದ ಕೆಳಗ ನಿಂದರಾಕ ಒಣಾ ನೆಲ ಬ್ಯಾಡೇನು?"

ರೊಟ್ಟಿ ಬಡಿಯುವ ಸಪ್ಪಳ ಅಂದು ಸ್ವಲ್ಪ ಜೋರಾಗಿಯೇ ಕೇಳಿತು. ಅವಳು ಅಂದದ್ದು ಸುಳ್ಳೂ ಅಲ್ಲ. ಎಲ್ಲ ಮನೆಯೂ ಒಂದೇ ಅನ್ನಿಸುವಷ್ಟು ದಣಿದವಳು, ಒಂದು ಮನೆ ಬೇಕೆಂದು ಬಾಯಿಬಿಟ್ಟು ಕೇಳಿದವಳಿಗೆ ಅಡ್ಡ ಬರುವುದು ನನಗೂ ಚಂದ ಕಾಣಲಿಲ್ಲ.

ಮರುದಿನ ಬೆಳಗ್ಗೆ ಮಿಂದು ಬಂದು ದೇವರಿಗೆ ಕೈಮುಗಿದು ಕಾಯಿ ಎತ್ತಿಕೊಂಡೆ. ಅಡಿಗೆಮನೆಯಲ್ಲಿ ಶೋಭಾ ದೋಸೆಯ ಹಿಟ್ಟು ಕಲಸುತ್ತಿದ್ದಳು. "ಉಡಿ ಕಾಯಿ ಮನ್ಯಾಗ ಉಂಡ್ರ ತಪ್ಪಿಲ್ಲವಾ. ಒಡೀಲೇನು?" ಎಂದೆ. ಅವಳು ಕಾಯಿಯನ್ನು ನೋಡಿದಳು, ಹೊರಗೆ ಬಾಗಿಲಲ್ಲಿದ್ದ ನನ್ನ ಚಪ್ಪಲಿಗಳನ್ನು ನೋಡಿದಳು. ಮೂಲೆಯಲ್ಲಿದ್ದ ಈಳಿಗೆಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದಳು. ಒಡೆದು, ತುರಿದು, ಹಸಿಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬಿದೆ. ಕಾಯಿ ಚೆನ್ನಾಗಿತ್ತು, ಅದನ್ನು ಬೀಗರಿಗೆ ಫೋನಿನಲ್ಲಿ ಮೊದಲು ಹೇಳಿ, ಸಂಚಕಾರ ಕೊಡುವುದಿಲ್ಲವೆಂಬುದನ್ನು ಆಮೇಲೆ ಹೇಳಿದೆ. ಅವರು "ಆತ್ರಿ ಬೀಗತಿಯಾರ," ಎಂದು ಫೋನು ಇಟ್ಟರು. ಆ 'ಆತ್ರಿ'ಯಲ್ಲಿ ಏನಿತ್ತೆಂಬುದು ಮಗಳು ಪಂಚಮಿಗೆ ಬಂದಾಗ ತಿಳಿಯುತ್ತದೆ.

ಆಮೇಲೆ ಕಟ್ಟೆಯ ಮೇಲೆ ಕೂತು, ಅದೇ ಕಾಯಿಯ ಕರಟದಿಂದ ಚಪ್ಪಲಿಗೆ ಅಂಟಿದ್ದ ಎರೆ ಮಣ್ಣನ್ನು ಕೆರೆದು ತೆಗೆದೆ. ಸಂಜೆ ಮತ್ತೆ ಮೆಟ್ಟಬೇಕಲ್ಲ, ಕೆರೆಯ ಮೇಲಿನ ದಿನ್ನೆಯಲ್ಲಿ ಯಾವುದೋ ಜಾಗವಿದೆಯಂತೆ, ಶೋಭಾ ಅಲ್ಲಿಗೆ ಹೋಗುವ ಬಸ್ಸಿನ ವೇಳೆ ಕೇಳಿಕೊಂಡು ಬಂದಿದ್ದಾಳೆ.