ಜೇಡ ಕಡಿದವರ ಮುಂದೆ ವಿತಾಲಿಯಾ ಕುಣಿದದ್ದು

ವಿತಾಲಿಯಾ ನಮ್ಮ ಪಕ್ಕದ ಮನೆಯವಳು. ಅವಳ ಅಂಗಳಕ್ಕೂ ನಮ್ಮ ಅಂಗಳಕ್ಕೂ ಒಂದೇ ಗೋಡೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಷ್ಟು ಚೆನ್ನಾಗಿ ಕುಣಿಯುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಸಾರ್ಡೀನಿಯ ದ್ವೀಪದ ನಮ್ಮ ಬಯಲು ಸೀಮೆಯ ಕುಣಿತದಲ್ಲಿ ತೋಳು ಬೀಸುವುದು, ಸೊಂಟ ಬಳುಕಿಸುವುದು ಇಲ್ಲ. ಕೈ ಕೈ ಹಿಡಿದು ಸುತ್ತುಗಟ್ಟಬೇಕು, ಮೈ ಕಂಬದ ಹಾಗಿರಬೇಕು, ಪಾದ ಮಾತ್ರ ಕಾದ ಹೆಂಚು ತುಳಿದ ಹಾಗೆ ಅದುರುತ್ತಿರಬೇಕು. ವಿತಾಲಿಯಾ ಕುಣಿದರೆ ತಲೆವಸ್ತ್ರದ ಅಂಚು ಕೂಡ ಅಲುಗುತ್ತಿರಲಿಲ್ಲ.

ಅಪವಾದ ಬಂದದ್ದೂ ಆ ಕಾಲುಗಳ ಮೇಲೆಯೇ. ಊರ ಹಬ್ಬದ ದಿನ ಅವಳ ಗಂಡ ಆಂತಿಯೋಕೊನಿಗೆ ಮೈ ಬಿಸಿಯಿತ್ತು. ಒಂದು ಸುತ್ತು ಬಾ ಎಂದು ಇವಳೇ ಕೈ ಹಿಡಿದು ಎಳೆದಳು. ಚರ್ಚಿನ ಮುಂದೆ ಹೊತ್ತು ಮುಳುಗುವವರೆಗೆ ಕುಣಿದು ಮನೆಗೆ ಹೋಗಿ ಮಲಗಿದವನು ಮತ್ತೆ ಏಳಲಿಲ್ಲ. ವೈದ್ಯರು ಮಲೇರಿಯಾ ಎಂದರು. ಅತ್ತೆ ಮುಂದಿಕಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಮಲೇರಿಯಾ ಊರಿಗೆಲ್ಲ ಬಂದಿತ್ತು. ಗಂಡನ್ನ ಕುಣಿಸಿ ಕುಣಿಸಿ ತಿಂದವಳು ಇವಳೊಬ್ಬಳೇ."

ಬಾವಿಕಟ್ಟೆಯಲ್ಲಿ, ರೊಟ್ಟಿ ಸುಡುವ ಗೂಡಿನ ಹತ್ತಿರ, ಕಿರಿಮಗ ಸಿಸಿನ್ನಿಯೋ ಊಟಕ್ಕೆ ಕೂತಾಗ, ಮುದುಕಿಯ ಬಾಯಲ್ಲಿ ಇದೇ ಮಾತು. ಸಿಸಿನ್ನಿಯೋ ಒಳ್ಳೆಯವನು, ಆದರೆ ತಾಯಿಗೆ ಎದುರಾಡುವವನಲ್ಲ. ವಿತಾಲಿಯಾ ಕಪ್ಪು ಉಟ್ಟಳು, ಬೀದಿಯ ಕಡೆಯ ಕಿಟಕಿ ಮುಚ್ಚಿದಳು. ವಿಧವೆ ಕುಣಿಯುವಂತಿಲ್ಲವೆನ್ನುವುದು ಹೇಗೂ ನಮ್ಮಲ್ಲಿದ್ದ ಕಟ್ಟಳೆ. ಅವಳು ಮಾತ್ರ ಕುಣಿತದ ಕೊಳವೆ ಊದುವ ಸದ್ದು ದೂರದಲ್ಲಿ ಕೇಳಿಸಿದರೂ ಕಿವಿ ಮುಚ್ಚಿಕೊಂಡು ಒಳಕೋಣೆ ಸೇರುತ್ತಿದ್ದಳು.

"ಕಾಲು ತಾನಾಗೇ ಎದ್ದುಬಿಡತ್ತೆ ಕಣೇ. ನಂಗೆ ಅದೇ ಭಯ," ಎಂದು ಒಮ್ಮೆ ನನಗೆ ಹೇಳಿದ್ದಳು.

ಯುದ್ಧ ಮುಗಿದ ಮೇಲಿನ ಒಂದು ಬೇಸಗೆ. ಗೋಧಿ ಕೊಯ್ಲಿನಲ್ಲಿ ಸಿವುಡು ಕಟ್ಟುತ್ತಿದ್ದ ಸಿಸಿನ್ನಿಯೋನ ಮೊಣಕೈ ಹತ್ತಿರ ಅರ್ಜ ಕಡಿಯಿತು. ಕೂಳೆಯಲ್ಲಿ ಅಡಗುವ ಕಪ್ಪು ಜೇಡ ಅದು, ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ಗಾಡಿಯಲ್ಲಿ ಮನೆಗೆ ತರುವಷ್ಟರಲ್ಲಿ ಅವನ ಹೊಟ್ಟೆ ಹಲಗೆಯಂತಾಗಿತ್ತು. ಬೆವರು ತಣ್ಣಗೆ ಸುರಿಯುತ್ತಿತ್ತು. ಅಷ್ಟು ಗಟ್ಟಿ ಆಳು ಮಂಡಿ ಎದೆಗೊತ್ತಿಕೊಂಡು ಹಲ್ಲು ಕಡಿಯುತ್ತ ಕೂಗುವುದನ್ನು ಕೇಳಿ ನಮ್ಮ ಮನೆಯ ನಾಯಿ ಮಂಚದ ಕೆಳಗೆ ಸೇರಿಕೊಂಡಿತು. ವೈದ್ಯರನ್ನು ಕರೆಯಲು ಹೋದವನು ಅವರು ಕಾಲ್ಯರಿ ಪಟ್ಟಣಕ್ಕೆ ಹೋಗಿದ್ದಾರೆಂದು ಬರಿಗೈಯಲ್ಲಿ ಬಂದ.

ಆಗ ನಮಗೆ ತಿಳಿದದ್ದನ್ನೇ ಮಾಡಿದೆವು. ಅಂಗಳದ ತಿಪ್ಪೆ ತೋಡಿ, ಬಿಸಿ ಗೊಬ್ಬರದಲ್ಲಿ ಅವನನ್ನು ಕತ್ತಿನವರೆಗೆ ಹೂತರು. ಊದುವ ಲುಜೋರಿಯೋ ಮಾವ ಬಂದ. ಮೂರು ಜೊಂಡಿನ ಕೊಳವೆಗಳನ್ನು ಒಟ್ಟಿಗೆ ಬಾಯಿಗಿಟ್ಟು, ಮೂಗಿನಲ್ಲಿ ಉಸಿರೆಳೆಯುತ್ತ ಕೆನ್ನೆಯಿಂದ ಊದುವ ವಾದ್ಯ ಅವನದು. ಒಮ್ಮೆ ಶುರುವಾದರೆ ಸ್ವರ ಕಡಿಯುವುದೇ ಇಲ್ಲ. ಅರ್ಜ ಬರೀ ಹುಳುವಲ್ಲ, ಪಾಪ ಹೊತ್ತು ಸತ್ತ ಹೆಣ್ಣಿನ ಜೀವ. ಅವಳು ಕನ್ಯೆಯೋ, ಮದುವೆಯಾದವಳೋ, ವಿಧವೆಯೋ ಗೊತ್ತುಮಾಡಿಕೊಂಡು ಅವಳಿಗೊಪ್ಪುವ ಮಟ್ಟು ಊದಬೇಕು, ಅವಳಂಥವರೇ ಕುಣಿಯಬೇಕು. ಕಡಿಸಿಕೊಂಡವನು ನಕ್ಕರೆ ಅವಳು ಬಿಟ್ಟುಹೋದಳೆಂದು ಅರ್ಥ.

ಮೊದಲು ಕನ್ಯೆಯರ ಸುತ್ತು. ನಾನೂ ಅದರಲ್ಲಿದ್ದೆ. ಚುರುಕಿನ ಮಟ್ಟಿಗೆ ನಾವು ಕುಣಿಯುತ್ತಿದ್ದರೆ, ತಿಪ್ಪೆಯ ಮೇಲೆ ಬರೀ ತಲೆಯೊಂದೇ ಇಟ್ಟಂತೆ ಕಾಣುತ್ತಿದ್ದ ಅವನು ನಮ್ಮನ್ನು ನೋಡದೆ ಆಕಾಶ ನೋಡುತ್ತಿದ್ದ. ಮದುವೆಯಾದವರು ಕುಣಿದರು. ಅವನ ತುಟಿ ಇನ್ನಷ್ಟು ನೀಲಿಯಾಯಿತು. ಲುಜೋರಿಯೋ ಮಾವ ಊದುವುದು ನಿಲ್ಲಿಸಿ ಅವನ ಕಿವಿಯ ಹತ್ತಿರ ಬಗ್ಗಿದ.

"ಯಾರಮ್ಮಾ ನೀನು? ಕನ್ಯೆಯೋ, ಗಂಡ ಇರೋಳೋ, ಗಂಡ ಸತ್ತೋಳೋ?"

ಸಿಸಿನ್ನಿಯೋ ಬಾಯಿ ತೆರೆದ. ಸಣ್ಣ, ಸೀಳಿದ ದನಿ. ಅವನದಲ್ಲ.

"ಗಂಡನ್ನ ಕುಣಿಸಿ ಕುಣಿಸಿ ತಿಂದವಳು."

ಎಲ್ಲರ ಕಣ್ಣೂ ಗೋಡೆಗೊರಗಿ ನಿಂತಿದ್ದ ವಿತಾಲಿಯಾಳ ಕಡೆ ತಿರುಗಿದವು. ಅವಳ ಅಕ್ಕಪಕ್ಕದಲ್ಲಿದ್ದ ಹೆಂಗಸರು ಮೆಲ್ಲಗೆ ಸರಿದರು. "ಅದನ್ನ ಕಳಿಸಿದ್ದೇ ಇವಳೇನೋ," ಎಂದು ಹಿಂದಿನಿಂದ ಯಾರೋ ಗಂಡಸು ಅಂದ. ಬಾಗಿಲ ಹತ್ತಿರ ನಿಂತಿದ್ದವನೊಬ್ಬ ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಡದೆ ಅವಳನ್ನೇ ನೋಡುತ್ತಿದ್ದ. ಅವಳ ಮುಖ ಬೂದಿಬಣ್ಣವಾಗಿತ್ತು. ಓಡಿದರೆ ಒಪ್ಪಿಕೊಂಡಂತೆ, ನಿಂತರೆ ಏನಾಗುತ್ತದೋ.

"ವಿಧವೆ ಅಂತ ಗೊತ್ತಾಯ್ತಲ್ಲ, ಸಾಕು. ಕಪ್ಪು ಉಟ್ಟೋರೆಲ್ಲ ಬನ್ನಿ," ಎಂದ ಲುಜೋರಿಯೋ ಮಾವ. ಮುದುಕಿಯರು ಬಂದರು. ಒಬ್ಬಳಿಗೂ ಮಂಡಿ ನೆಟ್ಟಗಿರಲಿಲ್ಲ. "ಮುಂದಾಳಾಗೋಕೆ ಕಾಲಿರೋಳು ಬೇಕು," ಎಂದು ಅವನು ಯಾರ ಮುಖವನ್ನೂ ನೋಡದೆ ಹೇಳಿದ.

ಆಗ ಮುಂದಿಕಾ ಅಂಗಳ ದಾಟಿ ಸೊಸೆಯ ಮುಂದೆ ನಿಂತಳು. ಹೊಡೆಯುತ್ತಾಳೆಂದೇ ನಾನು ಅಂದುಕೊಂಡೆ.

"ಅವನ ಬಾಯಲ್ಲಿ ಬಂದದ್ದು ಜೇಡದ ಮಾತಲ್ಲ. ನನ್ನ ಮಾತು," ಎಂದಳು ಮುದುಕಿ, ಎಲ್ಲರಿಗೂ ಕೇಳುವ ಹಾಗೆ. "ದಿನಾ ಅವನ ತಟ್ಟೆಗೆ ಅದನ್ನೇ ಬಡಿಸ್ತಿದ್ದೆ. ಬಾ, ಕುಣಿ."

"ಬೇಡ ಅತ್ತೆ. ಇವನೂ ಸತ್ರೆ?"

"ಸತ್ರೆ ಕುಣಿಸಿದ್ದು ನಾನು ಅಂತೀನಿ. ಕೈ ಕೊಡು."

ಕೊಳವೆ ನಿಧಾನದ, ಶೋಕದ ಮಟ್ಟು ಹಿಡಿಯಿತು. ವಿತಾಲಿಯಾಳ ಕಾಲು ಮೊದಲು ಏಳಲೇ ಇಲ್ಲ. ಎದ್ದಾಗ ಎಡವಿತು. ಅತ್ತೆಯ ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿ ಹಿಡಿದಿದ್ದಳು. ಮುದುಕಿಯರು ಸತ್ತ ತಮ್ಮ ಗಂಡಂದಿರ ಹೆಸರೆತ್ತಿ ರಾಗವಾಗಿ ಅಳುತ್ತ ಅವಳ ಹಿಂದೆ ಹೆಜ್ಜೆ ಎಳೆದರು. ಸ್ವಲ್ಪ ಹೊತ್ತಿನಲ್ಲಿ ಅವಳ ಮೈ ನೆಟ್ಟಗಾಯಿತು, ಪಾದ ಅದುರತೊಡಗಿತು. ಕಣ್ಣು ಮಾತ್ರ ತಿಪ್ಪೆಯ ಮೇಲಿನ ತಲೆಯನ್ನು ಬಿಟ್ಟು ಕದಲಲಿಲ್ಲ. ಆ ಕಣ್ಣುಗಳಲ್ಲಿದ್ದ ಭಯವನ್ನು ನೋಡಲಾರದೆ ನಾನು ಅವಳ ಕಾಲನ್ನೇ ನೋಡಿದೆ. ಸಿಸಿನ್ನಿಯೋ ಕೂಡ ಅದನ್ನೇ ನೋಡುತ್ತಿದ್ದ. ಅವನ ಕಣ್ಣು ಆಕಾಶದಿಂದ ಇಳಿದಿತ್ತು.

ಒಮ್ಮೆ ಅವನ ತಲೆ ಪಕ್ಕಕ್ಕೆ ವಾಲಿತು. ಮುಗಿಯಿತು ಎಂದುಕೊಂಡೆವು. ವಿತಾಲಿಯಾ ನಿಲ್ಲಲಿಲ್ಲ, ನಿಂತರೆ ಏನಾಗುವುದೋ ಎಂಬ ಹೆದರಿಕೆಯೇ ಅವಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಲುಜೋರಿಯೋ ಮಾವನ ಕೆನ್ನೆ ಕಂದಿಹೋಗಿತ್ತು. ಬಿಸಿಲು ಗೋಡೆಯ ಮೇಲಕ್ಕೇರಿತು. ಆಗ ಸುತ್ತಿನಲ್ಲಿದ್ದ ಅತಿ ಹಿರಿಯ ಮುದುಕಿ ಪೆಪ್ಪಿಕಾ ಏದುಸಿರು ಬಿಡುತ್ತ ಅವನನ್ನು ಗದರಿದಳು.

"ಲೋ ಸಿಸಿನ್ನಿಯೋ, ಹೆಣ್ಣು ನೋಡೋ ಅಂದ್ರೆ ತಿಪ್ಪೇನ ತಬ್ಕೊಂಡು ಮಲಗಿದೀಯಲ್ಲೋ. ಆಯ್ತು ಬಿಡು, ನಿಂಗೆ ತಕ್ಕ ಹೆಣ್ಣೇ ಸಿಕ್ತು."

ಅವನ ಮುಖದಲ್ಲೇನೋ ಕದಲಿತು. ನಗುವೋ ನೋವೋ ನಮಗೆ ತಿಳಿಯಲಿಲ್ಲ. ಆಮೇಲೆ ತನ್ನದೇ ದನಿಯಲ್ಲಿ, "ನಾತ ಹೊಡೀತಿದೆ ಅಮ್ಮಾ," ಎಂದು ಕೆಮ್ಮುತ್ತ ನಕ್ಕ. ವಿತಾಲಿಯಾ ನಿಂತಲ್ಲೇ ಕುಸಿದಳು.

ಅವನು ಮಂಚ ಬಿಟ್ಟೇಳಲು ಇನ್ನೂ ಕೆಲವು ದಿನ ಹಿಡಿಯಿತು. ಮುಂದಿಕಾ ಕ್ಷಮಿಸು ಎಂದು ಕೇಳಿದ್ದನ್ನು ನಾನಂತೂ ಕೇಳಿಲ್ಲ. ಆದರೆ ಆ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ, ರೊಟ್ಟಿಯ ಮೊದಲ ತುಂಡು ಸೊಸೆಗೆ ಹೋಗುತ್ತಿತ್ತು.

ಸುದ್ದಿ ಸುತ್ತಲಿನ ಊರುಗಳಿಗೆ ಹಬ್ಬಿತು. ಕೊಯ್ಲಿನ ಕಾಲದಲ್ಲಿ ಅವಳನ್ನು ಕುಣಿಯಲು ಕರೆದೊಯ್ಯಲು ಎಲ್ಲಿಂದಲೋ ಗಾಡಿ ಬರುತ್ತಿತ್ತು. ಗಾಡಿಯ ಸದ್ದು ಕೇಳಿದೊಡನೆ ವಿತಾಲಿಯಾ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು, ಮುಖ ತೊಳೆದು ಬಂದು ಹತ್ತುತ್ತಿದ್ದಳು. ಜೊತೆಗೆ ನಾನಿರಬೇಕು. ಒಂದು ಊರಿನಲ್ಲಿ ಅವಳು ಕುಣಿಯುತ್ತಿದ್ದಾಗಲೇ ಜೇಡ ಕಡಿದಿದ್ದ ಮುದುಕ ತೀರಿಕೊಂಡ. ಆ ಮನೆಯವರು ಹಿಂದಿರುಗಲು ಗಾಡಿ ಕೊಡಲಿಲ್ಲ. ನಡೆದು ಬಂದೆವು. ಯಾರಾದರೂ ಹಿಂದೆ ಬರುತ್ತಿದ್ದಾರೆಯೇ ಎಂದು ಅವಳು ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡುತ್ತಿದ್ದಳು.

"ಇನ್ಮೇಲೆ ಹೋಗ್ಬೇಡ ಬಿಡು," ಎಂದೆ.

"ಹೋಗದೆ ಮನೇಲಿ ಕೂತ್ರೆ ಇನ್ನೂ ಭಯ ಆಗತ್ತೆ ಕಣೇ," ಎಂದಳು. ಮುಂದಿನ ಕೊಯ್ಲಿಗೆ ಗಾಡಿ ಬಂದಾಗ ಮತ್ತೆ ಹತ್ತಿದಳು.

ಕೊನೆಯ ಸಲ ಹೋದಾಗ ಸುತ್ತುಗಟ್ಟಿ ಕೈ ಹಿಡಿದಾಗಿತ್ತು, ಕೊಳವೆ ಬಾಯಿಗಿಟ್ಟಾಗಿತ್ತು. ಆಗ ಪೇಟೆಯ ಹೊಸ ಆಸ್ಪತ್ರೆಯಿಂದ ಜೀಪಿನಲ್ಲಿ ಬಂದವರು ಗೊಬ್ಬರದಲ್ಲಿದ್ದ ಹೆಂಗಸನ್ನು ಎತ್ತಿ, ಸೂಜಿ ಚುಚ್ಚಿ ಕರೆದುಕೊಂಡು ಹೋದರು. ಲುಜೋರಿಯೋ ಮಾವ ಕೊಳವೆಗಳನ್ನು ಒರೆಸಿ ಚೀಲಕ್ಕೆ ಹಾಕಿದ. ವಿತಾಲಿಯಾ ಸುತ್ತು ಬಿಟ್ಟು ಬಂದು ನನ್ನ ಕೈ ಹಿಡಿದು ನಿಂತಳು.

"ಇನ್ನು ನನ್ನ ಯಾರೂ ಕರೆಯಲ್ಲ ಅಲ್ವಾ?" ಎಂದಳು.

ಇಲ್ಲ ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಬಿಡುಗಡೆಯಾಯಿತೆಂದೋ, ಕುಣಿಯಲು ಇದ್ದ ಒಂದೇ ದಾರಿಯೂ ಮುಚ್ಚಿಹೋಯಿತೆಂದೋ, ನಾನು ಕೇಳಲಿಲ್ಲ. ಅಳು ಮುಗಿದ ಮೇಲೆ ಲಂಗದ ಹುಲ್ಲು ಕೊಡವಿಕೊಂಡು, ಅತ್ತೆ ಊಟಕ್ಕೆ ಕಾಯುತ್ತಿರುತ್ತಾಳೆಂದು ಎದ್ದಳು.