ಮನೆತನದ ಹಲ್ಲು

ನಮ್ಮತ್ತೆಯನ್ನು ಬೀದಿಯವರೆಲ್ಲ ಬಾಟ್ಲಿ ಅಕ್ಕ ಎಂದು ಕರೆಯುತ್ತಿದ್ದರು. ನಮಗೆ ಅವಳು ಬಾಟ್ಲಿ ಅತ್ತೆ. ಈ ಹೆಸರನ್ನು ಮೊದಲ ಸಲ ಕೇಳಿದವರು, ಪಾಪ, ಓದಿದ ಹೆಂಗಸು, ಇಂಥ ಚಟ ಹತ್ತಬಾರದಿತ್ತು ಎಂದು ಲೊಚಗುಟ್ಟಿದ್ದೂ ಉಂಟು. ಚಟವಿದ್ದದ್ದು ನಿಜ, ಆದರೆ ನೀರಿನದು. ಏಳು ಕೆರೆ ನೀರು ಕುಡಿದವರು ಎಂದು ಚಾಲಾಕಿ ಜನರ ಬಗ್ಗೆ ಹೇಳುತ್ತೇವಲ್ಲ, ಅತ್ತೆ ಊರೂರಿನ ಕೆರೆ, ಬಾವಿ, ತೊರೆಗಳ ನೀರನ್ನು ಬಿಳಿ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಂಡು ಬರುತ್ತಿದ್ದಳು. ಕುಡಿಯುತ್ತಿದ್ದದ್ದು ಮಾತ್ರ ನಮ್ಮ ಮನೆಯ ಬಾವಿಯದೊಂದನ್ನೇ. ಚಾಲಾಕಿತನವಂತೂ ಅವಳ ಹತ್ತಿರ ಸುಳಿದಿರಲಿಲ್ಲ.

ಅವಳು ಅಪ್ಪನ ತಂಗಿ. ಮದುವೆ ಬೇಡವೆಂದು ನಮ್ಮ ಜೊತೆಯಲ್ಲೇ, ಹಿತ್ತಲ ಕಡೆಯ ಕೋಣೆಯಲ್ಲಿ ಉಳಿದವಳು. ಊರಂಚಿನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ನೀರು ಕಲ್ಲಿನ ಜೇಬಿಂದ ಏನೇನು ಕದ್ದು ತರುತ್ತೆ ಅಂತ ಪತ್ತೆ ಹಚ್ಚೋದು" ಎನ್ನುತ್ತಿದ್ದಳು. ಭೂರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನಂತೂ ಕೇಳಿಲ್ಲ. ಹಾಗೆ ಹೇಳುವಾಗ ನಗುತ್ತಿದ್ದಳು, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಯಾವ ಫೋಟೋದಲ್ಲೂ ಅವಳ ಬಾಯಿ ಹೊಲಿಗೆ ಹಾಕಿದಂತೆ ಮುಚ್ಚಿದೆ. ಬಹಳ ಗಂಭೀರ ಸ್ವಭಾವದವರು ಎಂದು ಕಚೇರಿಯಲ್ಲಿ ಹೆಸರಾಗಿತ್ತು. ಗಂಭೀರವೂ ಇಲ್ಲ, ಮಣ್ಣೂ ಇಲ್ಲ. ಅದೆಲ್ಲ ಹಲ್ಲಿನ ಸಂಗತಿ.

ನಮ್ಮ ಮನೆಯಲ್ಲಿ ಹುಟ್ಟಿದವರ ಹಲ್ಲಿನ ಮೇಲೆಲ್ಲ ಕಂದು ಗೆರೆಗಳು, ಸುಣ್ಣ ಬಳಿದ ಗೋಡೆಗೆ ಮಳೆನೀರು ಇಳಿದ ಹಾಗೆ. ಅಪ್ಪನಿಗೂ ಹಾಗೇ, ಅತ್ತೆಗೂ ಹಾಗೇ, ನನಗೂ ಹಾಗೇ. ಅಜ್ಜಿ ಅದನ್ನು ಮನೆತನದ ಹಲ್ಲು ಎನ್ನುತ್ತಿದ್ದಳು, ಅಜ್ಜನ ಕಡೆಯಿಂದ ಬಂದದ್ದಂತೆ. ಅಜ್ಜನ ಹಲ್ಲು ನಿಜಕ್ಕೂ ಹೇಗಿತ್ತೆಂದು ಯಾರೂ ಕೇಳಲಿಲ್ಲ, ಅದನ್ನು ಮುಚ್ಚುವಷ್ಟು ದೊಡ್ಡ ಮೀಸೆ ಅವನಿಗಿತ್ತು. ಬೀದಿಯ ಇನ್ನೂ ನಾಲ್ಕಾರು ಮನೆಯ ಮಕ್ಕಳಿಗೆ ಅಂಥದೇ ಹಲ್ಲು, ಅವರವರ ಮನೆಯಲ್ಲೂ ಅದು ಅವರವರ ಮನೆತನದ್ದು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನನ್ನ ಪಾಲಿಗೆ ಅಕ್ಷರಶಃ ಸತ್ಯ. ಮದುವೆಗೆ ಮುಂಚೆ ನನ್ನ ಹೆಂಡತಿ ನನ್ನನ್ನು ಮಿತಭಾಷಿ ಎಂದುಕೊಂಡಿದ್ದಳಂತೆ. ಆ ಭ್ರಮೆ ಹರಿದು ಈಗ ಬಹಳ ಕಾಲವಾಯಿತು.

ಬಾವಿಯ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಜ್ಜಿ ಮದುವೆಯಾಗಿ ಈ ಮನೆಗೆ ಬಂದಾಗ ಇದ್ದದ್ದು ಬೀದಿ ನಲ್ಲಿಯ ನೀರು. ಗಡಸು ನೀರು. ಸೋಪು ತಿಕ್ಕಿದರೆ ನೊರೆ ಬಾರದು, ಕಾಳು ಎಷ್ಟು ಹೊತ್ತಾದರೂ ಬೇಯದು, ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ. ಮೊಣಕಾಲುದ್ದದ ಅವಳ ಕೂದಲು ಪೊರಕೆಯಾಯಿತು. ಒಂದು ಮಧ್ಯಾಹ್ನ ಅವಳು ಬಾಚಣಿಗೆ ಬಿಸುಟು ಅತ್ತದ್ದನ್ನು ಅಜ್ಜ ನೋಡಿದ. ಅವನು ಗಡಿಯಾರ ರಿಪೇರಿಯವನು, ಕೈಯಲ್ಲಿ ಸೂಜಿಗಿಂತ ದಪ್ಪನೆಯದನ್ನು ಹಿಡಿದವನಲ್ಲ. ಆದರೂ ಬಾವಿ ತೋಡುವವನನ್ನು ಕರೆಸಿ, ತಾನೂ ಗುದ್ದಲಿ ಹಿಡಿದು, ಹಿತ್ತಲಲ್ಲಿ ಇಳಿದೇಬಿಟ್ಟ. ಮಣ್ಣು ಮುಗಿದು ಬಂಡೆ ಬಂತು, ಬಂಡೆಯಲ್ಲಿ ಊದಾಬಣ್ಣದ ಒಂದು ಗೆರೆ ಸಿಕ್ಕಿತು, ಆ ಗೆರೆಯ ಪಕ್ಕದಿಂದಲೇ ನೀರು ಜಿನುಗಿತು. ಅಜ್ಜ ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದರಲ್ಲಿ ಮುಷ್ಟಿಯಷ್ಟು ಊದಾ ಕಲ್ಲು ಹಿಡಿದು ಮೇಲೆ ಬಂದ. "ನೀರೂ ನಿನಗೇ, ಇದೂ ನಿನಗೇ" ಎಂದನಂತೆ. ಅಜ್ಜಿ ಈ ಮಾತನ್ನು ಹೇಳುವಾಗಲೆಲ್ಲ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು.

ಎಂಥ ನೀರು ಅದು! ಸಿಹಿನೀರು. ನಾವು ಕುಡಿಯುವ ನೀರನ್ನು ಹೊಗಳಲು ನಮ್ಮಲ್ಲಿರುವುದು ಅದೊಂದೇ ಪದ, ಆ ಪದ ಸಿಕ್ಕ ನೀರಿಗೆ ಬೇರೆ ಸರ್ಟಿಫಿಕೇಟು ಬೇಕಿಲ್ಲ. ಸೋಪು ಸೋಕಿಸಿದರೆ ಬಕೆಟು ತುಂಬ ನೊರೆ, ಕಾಳು ಬೆಣ್ಣೆಯ ಹಾಗೆ ಬೇಯುತ್ತಿತ್ತು, ಅಜ್ಜಿಯ ಕೂದಲು ಮತ್ತೆ ರೇಷ್ಮೆಯಾಯಿತು. ಅಕ್ಕಪಕ್ಕದವರು ಕೊಡ ಹಿಡಿದು ಬಂದರು, ಅಜ್ಜ ಯಾರಿಗೂ ಇಲ್ಲ ಎನ್ನಲಿಲ್ಲ.

ಕಲ್ಲು ಅಡುಗೆಮನೆಯ ಪಡುವಣ ಕಿಟಕಿಯಲ್ಲಿ ಕೂತಿತು. ಮಧ್ಯಾಹ್ನದ ಬಿಸಿಲು ಅದರ ಮೂಲಕ ಹಾದು ನೆಲದ ಮೇಲೊಂದು ಊದಾ ಬೆಳಕು ಚೆಲ್ಲುತ್ತಿತ್ತು. ಹೊತ್ತು ಇಳಿದಂತೆ ಆ ಬೆಳಕು ನೆಲದ ಉದ್ದಕ್ಕೂ ತೆವಳಿ, ಹಿಟ್ಟಿನ ಡಬ್ಬಿಯನ್ನು ದಾಟಿ, ಎದುರು ಗೋಡೆ ಹತ್ತಿ, ಕರಗಿಹೋಗುತ್ತಿತ್ತು. ಅತ್ತೆ ಮಗುವಾಗಿದ್ದಾಗ ಅದರ ಹಿಂದೆಯೇ ಅಂಬೆಗಾಲಿಡುತ್ತಿದ್ದಳಂತೆ. ಮುಂದೆ ನಾನೂ ಅದನ್ನೇ ಮಾಡಿದೆ. ಕಲ್ಲನ್ನು ಕಣ್ಣಿಗೆ ಹಿಡಿದರೆ ಅಡುಗೆಮನೆ ನೀರೊಳಗೆ ಮುಳುಗಿದಂತೆ, ಅಜ್ಜಿ ಮೀನಿನ ಹಾಗೆ ಸದ್ದಿಲ್ಲದೆ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತೇಲಿದಂತೆ ಕಾಣುತ್ತಿತ್ತು. ಕಲ್ಲುಗಳ ಒಳಗೇನಿದೆ ಎಂಬ ಹುಚ್ಚು ಅತ್ತೆಗೆ ಹಿಡಿದದ್ದು ಅಲ್ಲಿಯೇ. ರಜೆಯ ದಿನ ಬಾವಿಕಟ್ಟೆಯ ಮೇಲೆ ಕೂತು ಅವಳು ಹೇಳುತ್ತಿದ್ದಳು, "ಇದು ನಿಮ್ಮಜ್ಜ ಹುಟ್ಟೋಕೆ ಮುಂಚೆ ಸುರಿದ ಮಳೆ ಕಣೋ. ಬಂಡೆ ಸಂದೀಲಿ ನಡ್ಕೊಂಡು ಈಗ ಬಂದು ತಲುಪಿದೆ. ಅವಸರ ಅನ್ನೋದೇ ಗೊತ್ತಿಲ್ಲ ಅದಕ್ಕೆ." ಆ ಮಾತು ಕೇಳಿದ ದಿನಗಳಲ್ಲಿ, ನೆಲದಡಿಯ ಊದಾ ಕತ್ತಲಲ್ಲಿ ಹಳೆಯ ಮಳೆಯೊಂದು ಬರಿಗಾಲಲ್ಲಿ ನಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತಿರುವ ಕನಸು ಬೀಳುತ್ತಿತ್ತು. ಈಗಲೂ ಒಮ್ಮೊಮ್ಮೆ ಬೀಳುತ್ತದೆ.

ಅಜ್ಜ ತೀರಿಕೊಂಡ. ಅಜ್ಜಿಯ ಬೆನ್ನು ಬಾಗಿತು, ಮೊಣಕಾಲು ಸೆಟೆದವು, ಆಮೇಲೆ ಕುತ್ತಿಗೆಯೂ ಗಟ್ಟಿಯಾಗಿ ಅವಳಿಗೆ ನೆಲವೊಂದೇ ಕಾಣುವಂತಾಯಿತು. ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಊದಾ ಬೆಳಕು ನೆಲಕ್ಕೆ ಬರುವುದನ್ನು ಕಾಯುತ್ತಿದ್ದಳು. ಅದು ಗೋಡೆ ಹತ್ತಿದ ಮೇಲೆ ಅವಳಿಗೆ ಕಾಣುತ್ತಿರಲಿಲ್ಲ. "ಹೋಯ್ತಾ?" ಎಂದು ಕೇಳುತ್ತಿದ್ದಳು. ಇದ್ದರೂ ನಾವು ಹೂಂ ಎನ್ನುತ್ತಿದ್ದೆವು.

ಈ ಮಧ್ಯೆ ನನಗೆ ಮಗಳು ಹುಟ್ಟಿದಳು. ಪುಟ್ಟಿ ಎದೆಹಾಲಿನ ಜೊತೆಗೆ ಚಮಚದಲ್ಲಿ ನೀರು ಕುಡಿಯಲು ಶುರುಮಾಡಿದ ದಿನಗಳಲ್ಲೇ ಆ ಎಡವಟ್ಟು ನಡೆಯಿತು.

ಅತ್ತೆಗೆ ಪ್ಲಾಸ್ಟಿಕ್ ಎಸೆಯುವುದೆಂದರೆ ಪ್ರಾಣಸಂಕಟ. ಮಾದರಿ ನೀರು ತರುವ ಬಿಳಿ ಬಾಟಲಿಗಳಲ್ಲಿ ಹಳೆಯವನ್ನು ತೊಳೆದು, ಮನೆಯ ನೀರು ತುಂಬಿ, ಕೆಲಸಕ್ಕೆ ಒಯ್ಯುತ್ತಿದ್ದಳು. ಅಂದು ದೂರದ ಹಳ್ಳಿಗಳಿಂದ ಮಾದರಿ ತಂದವಳು ಚೀಲವನ್ನು ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟು ಕೈ ತೊಳೆಯಲು ಹೋದಳು. ಅವಳ ಕೈಕೆಳಗಿನ ಕಿರಿಯ ಸಂಶೋಧಕಿ, ಒಳ್ಳೆಯ ಚುರುಕು ಹೆಣ್ಣು, ಇದ್ದಬದ್ದ ಬಾಟಲಿಗಳನ್ನೆಲ್ಲ ಸಾಲಾಗಿಟ್ಟು ಮೀಟರಿನ ಕಡ್ಡಿಯನ್ನು ಒಂದೊಂದರ ನೀರಿಗೂ ಅದ್ದುತ್ತ ಹೋದಳು.

"ಮೇಡಂ, ಇದಕ್ಕೆ ಚೀಟಿ ಅಂಟಿಸಿಲ್ಲ. ಫ್ಲೋರೈಡ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ತೋರಿಸ್ತಿದೆ. ಯಾವ ಹಳ್ಳೀದು?"

ಅತ್ತೆ ಬಂದು ನೋಡಿದಳು. "ಅಯ್ಯೋ ಪಾಪ" ಎಂದಳು. "ಯಾರ ಮನೆ ಮಕ್ಕಳು ಕುಡೀತಿದಾವೋ ಇದನ್ನ. ಹಲ್ಲೂ ಹಾಳು, ಮೂಳೇನೂ ಹಾಳು." ಮರುಗಿ ಗಂಟಲೊಣಗಿ, ನೀರು ಕುಡಿಯೋಣವೆಂದು ಚೀಲಕ್ಕೆ ಕೈ ಹಾಕಿದಳು. ಚೀಲದಲ್ಲಿ ಬಾಟಲಿ ಇರಲಿಲ್ಲ.

ಮತ್ತೆ ಮತ್ತೆ ಅಳೆದರೂ ಮೀಟರು ಅದನ್ನೇ ಹೇಳಿತು. ಇಷ್ಟು ವರ್ಷ ಮನೆಯ ನೀರನ್ನೇಕೆ ಪರೀಕ್ಷಿಸಿರಲಿಲ್ಲ ಎಂದು ನಾನು ಆಮೇಲೊಮ್ಮೆ ಕೇಳಿದ್ದೆ. "ಸಿಹಿನೀರಲ್ವೇನೋ" ಎಂದಳು, ತಾನೇ ನಂಬಲಾರದ ದನಿಯಲ್ಲಿ. ಅವಳ ವಿದ್ಯೆಯನ್ನು ಆ ಒಂದು ಪದ ನುಂಗಿ ನೀರು ಕುಡಿದಿತ್ತು.

ಮಟಮಟ ಮಧ್ಯಾಹ್ನವೇ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಹೆಂಡತಿಯ ಕೈಯಿಂದ ಚಮಚ ಕಿತ್ತುಕೊಂಡಳು.

"ಪುಟ್ಟಿಗೆ ಈ ನೀರು ಕೊಡಬೇಡಿ."

"ಕಾಯಿಸಿ ಆರಿಸಿ ಕೊಡ್ತಿದೀನಿ ಅತ್ತೆ," ಎಂದಳು ಹೆಂಡತಿ ಗಾಬರಿಯಾಗಿ.

"ಕಾಯಿಸಿದ್ರೆ ನೀರು ಆರುತ್ತೆ, ಅದು ಆರಲ್ಲ. ಇನ್ನೂ ಜಾಸ್ತಿ ಆಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಬಾಯಿ ತೆಗಿ" ಎಂದಳು. ಹೆಂಡತಿಯ ಮುಂದೆ, ಮದುವೆಯಾದ ಗಂಡಸು, ನಾನು ಬಾಯಿ ತೆಗೆದು ನಿಂತೆ. ಅತ್ತೆ ನನ್ನ ಹಲ್ಲನ್ನು ನೋಡಿದಳು, ನಾನು ಅವಳ ಕಣ್ಣನ್ನು ನೋಡಿದೆ. "ಮನೆತನ ಅಂತೆ ಮನೆತನ" ಎಂದು ಅತ್ತೇಬಿಟ್ಟಳು.

ಅಪ್ಪ ಒಪ್ಪಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹೊರಗಿನ ಹತ್ತೂರು ಅತ್ತೆಯ ಮಾತು ಕೇಳಿ ಬಾವಿ ಮುಚ್ಚಿದ್ದವು, ಅವಳ ಅಣ್ಣ ಮಾತ್ರ, "ಸೋಪಿಗೆ ನೊರೆ ಬರದ ನೀರು ಒಳ್ಳೇದು, ನೊರೆ ಬರೋ ನೀರು ಕೆಟ್ಟದ್ದು, ಎಲ್ಲಾದ್ರೂ ಉಂಟೇನೇ?" ಎಂದು ನಕ್ಕ.

"ಉಂಟು ಅಣ್ಣ. ಗಡಸು ನೀರಲ್ಲಿ ಸುಣ್ಣ ಇರುತ್ತೆ. ಫ್ಲೋರೈಡನ್ನ ಆ ಸುಣ್ಣ ಹಿಡಿದು ತಳಕ್ಕೆ ಕೂರಿಸುತ್ತೆ. ನಮ್ಮ ನೀರಲ್ಲಿ ಸುಣ್ಣ ಇಲ್ಲ, ಅದಕ್ಕೇ ನೊರೆ. ಹಿಡಿಯೋರೇ ಇಲ್ಲ ಅಂದ್ಮೇಲೆ ಅದು ನೇರ ನಮ್ಮ ಬಾಯಿಗೆ."

ಅಪ್ಪ ಆಗಲೂ ಒಪ್ಪಲಿಲ್ಲ. "ಅಮ್ಮನಿಗೆ ಹೇಳು ನೋಡೋಣ" ಎಂದ.

ಅಲ್ಲಿಗೆ ಬಂತು ಗಂಟಲಲ್ಲಿ ಕಡುಬು. ಬಾವಿ ಕೆಟ್ಟದ್ದು ಎಂದರೆ ಅಜ್ಜಿ ತನ್ನ ಬೆನ್ನಿನ ಬಗ್ಗೆಯೂ ಕೇಳದೆ ಬಿಡುವವಳಲ್ಲ. ಪುಟ್ಟಿಗೆ ಬೀದಿ ನಲ್ಲಿಯಿಂದ ನೀರು ತಂದು, ಅಜ್ಜಿಗೆ ತಿಳಿಯದ ಹಾಗೆ ಬಚ್ಚಿಟ್ಟು ಕೊಡತೊಡಗಿದೆವು. ಅತ್ತೆಗೆ ಊಟ ಸೇರಲಿಲ್ಲ. ಹೇಳಿದರೆ ತನ್ನ ಅಮ್ಮನ ಬದುಕಿನ ಒಂದೇ ಒಂದು ಸುಖದ ನೆನಪನ್ನು ಕಿತ್ತ ಹಾಗೆ, ಹೇಳದಿದ್ದರೆ ಅವಳೂ ಬೀದಿಯವರೂ ಅದೇ ನೀರನ್ನು ಕುಡಿಯುತ್ತಲೇ ಇರುವ ಹಾಗೆ. ಬಾವಿಕಟ್ಟೆಯ ಮೇಲೆ ಕೂತು ಒಳಗೆ ಇಣುಕುತ್ತಿದ್ದಳು. ಅಲ್ಲಿ ತಟ್ಟೆಯಗಲದ ಆಕಾಶ, ಅದರ ನಡುವೆ ಅವಳ ಮುಖ, ಏನೂ ನಡೆದಿಲ್ಲವೆಂಬಂತೆ ತಿಳಿಯಾಗಿ.

ಅಜ್ಜಿಯೇ ಶುರುಮಾಡಿದಳು. ಅಂದು ಊದಾ ಬೆಳಕು ಆಗಷ್ಟೇ ನೆಲಕ್ಕೆ ಬಿದ್ದಿತ್ತು. "ನೆಲ ನೋಡೋಳಿಗೆ ಎಲ್ಲರ ಕಾಲೂ ಕಾಣುತ್ತೆ," ಎಂದಳು. "ನಿಮ್ಮ ಕಾಲೆಲ್ಲ ನಲ್ಲಿ ಕಡೆ ಹೋಗ್ತಿದಾವೆ. ಬಾವಿಗೆ ಏನಾಯ್ತು?"

ಅತ್ತೆ ಅವಳೆದುರು ನೆಲದ ಮೇಲೆ ಕೂತು ಹೇಳಿದಳು. ಮಕ್ಕಳ ಹಲ್ಲಿನ ವಿಷಯ ಹೇಳಿದಳು, ಪುಟ್ಟಿಯ ವಿಷಯ ಹೇಳಿದಳು. ಬೆನ್ನಿನ ವಿಷಯ ಎತ್ತಲಿಲ್ಲ.

ಅಜ್ಜಿ ಬೆಳಕಿನೊಳಗೆ ಕೈಯಿಟ್ಟು ಕೂತಿದ್ದಳು. "ಕಲ್ಲಿಗೂ ಅದಕ್ಕೂ ಸಂಬಂಧ ಇದೆಯಾ?"

"ಕಲ್ಲಿಂದಾನೇ ಅಮ್ಮ ಬರೋದು."

"ನನ್ನ ಬೆನ್ನೂ?"

"ಇಲ್ಲಮ್ಮ. ಅದು ವಯಸ್ಸು."

ಮೀಟರಿನ ಕೊನೆಯ ಅಂಕಿಯನ್ನೂ ಬಿಡದೆ ಹೇಳುವ ಹೆಂಗಸು ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳಿದ್ದಳು. ಅಜ್ಜಿ ನಕ್ಕಳು. "ನಮ್ಮಕ್ಕ ನನಗಿಂತ ದೊಡ್ಡೋಳು, ಬೇರೆ ಊರಿನ ನೀರು ಕುಡಿದು ಗೂಟದ ಹಾಗೆ ನಿಂತಿದಾಳೆ. ನಿನಗೆ ಸುಳ್ಳು ಬರಲ್ಲ ಬಿಡೇ. ಕಲೀಲೂ ಬೇಡ."

ಅತ್ತೆ ಅವಳ ಮಡಿಲಲ್ಲಿ ಮುಖವಿಟ್ಟಳು. ಬೆಳಕು ತೆವಳಿ ತೆವಳಿ ಅಜ್ಜಿಯ ಕೈಯನ್ನು ಬಿಟ್ಟು ಮುಂದೆ ಹೋಯಿತು.

"ಅವರು ನನ್ನ ಕೂದಲಿಗೆ ಅಂತ ತೋಡಿದ್ರು," ಎಂದಳು ಕೊನೆಗೆ. "ಕೂದಲಿಗೆ ಇರಲಿ. ಬಾಯಿಗೆ ಬೇಡ. ಆದ್ರೆ ಯಾರೂ ಅವರನ್ನ ಒಂದು ಮಾತು ಅನ್ನಬಾರದು."

ಮರುದಿನ ಬೆಳಿಗ್ಗೆ ಅವಳೇ ಕೋಲೂರಿಕೊಂಡು ಬಾವಿಯ ಹತ್ತಿರ ಹೋಗಿ ಕೂತಳು. ಕೊಡ ತಂದವರಿಗೆಲ್ಲ, "ಬಟ್ಟೆಗೆ ಒಯ್ಯಿರಿ, ಕುಡಿಯೋಕೆ ಬೇಡ" ಎಂದಳು. ಹಿಂದಿನ ಸಂಜೆ ಅತ್ತೆ ಅದನ್ನೇ ಹೇಳಿದ್ದಾಗ ಬೀದಿಯವರು ತಲೆಯಾಡಿಸಿ ಕೊಡ ತುಂಬಿಕೊಂಡು ಹೋಗಿದ್ದರು. ಈಗ ಯಾಕೆ ಎಂದು ಕೇಳಿದವರಿಗೆ ಅಜ್ಜಿ, "ನನ್ನ ನೋಡಿದ್ರೆ ಗೊತ್ತಾಗಲ್ವಾ?" ಎಂದಳು. ಅಷ್ಟು ಸಾಕಾಯಿತು. ಅಪ್ಪನೂ ಆ ದಿನವೇ ನಲ್ಲಿ ನೀರಿಗೆ ಇಳಿದ. ಅಜ್ಜಿ ಅದನ್ನು ಒಂದೊಂದು ಗುಟುಕಿಗೂ ಮುಖ ಕಿವುಚಿ ಕುಡಿಯುತ್ತಿದ್ದಳು. "ಗೋಡೆ ನೆಕ್ಕಿದ ಹಾಗಿದೆ" ಎನ್ನುತ್ತಿದ್ದಳು. ಬೆನ್ನು ನೆಟ್ಟಗಾಗಲಿಲ್ಲ. ಆಗುವುದಿಲ್ಲವೆಂದು ಅತ್ತೆಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಪುಟ್ಟಿ ಬೆಳೆದಳು. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಬರುವುದನ್ನು ನಾವು ಉಸಿರು ಬಿಗಿಹಿಡಿದು ಕಾದೆವು. ಬೊಚ್ಚು ಬಾಯಲ್ಲಿ ಅವಳು ಅಣಕಿಸಿ ಓಡಾಡುತ್ತಿದ್ದಳು, ಅತ್ತೆ ಕಲ್ಲು ನೋಡುವ ಭೂತಕನ್ನಡಿಯನ್ನು ಹಿಡಿದು ಅವಳ ಹಿಂದೆಯೇ ಸುತ್ತುತ್ತಿದ್ದಳು. ಒಂದು ಮಧ್ಯಾಹ್ನ ಪುಟ್ಟಿ ಶಾಲೆಯಿಂದ ಕೂಗುತ್ತಲೇ ಒಳಗೆ ಬಂದಳು, "ಮುತ್ತಜ್ಜಿ, ಪೂರ್ತಿ ಬಂತು!"

ಅಜ್ಜಿಗೆ ಕುತ್ತಿಗೆ ಎತ್ತಲಾಗುವುದಿಲ್ಲವಲ್ಲ. ಪುಟ್ಟಿ ಚೀಲವನ್ನು ಮೂಲೆಗೆಸೆದು, ಅವಳೆದುರು ನೆಲದ ಮೇಲೆ, ಆ ಊದಾ ಬೆಳಕಿನಲ್ಲೇ ಅಂಗಾತ ಮಲಗಿ, ಬಾಯಿ ಅಗಲಿಸಿದಳು. ಅತ್ತೆ ಮಂಡಿಯೂರಿ ಕೂತು ಭೂತಕನ್ನಡಿ ಹಿಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

ಅಜ್ಜಿ ಬಗ್ಗಿ, ಇನ್ನೂ ಬಗ್ಗಿ, ಬೆರಳಿನಿಂದ ಆ ಹಲ್ಲನ್ನು ಮುಟ್ಟಿ ನೋಡಿದಳು. ಒಂದು ಗೆರೆಯೂ ಇಲ್ಲ.

"ಇದು ನಮ್ಮ ಮನೆತನದ ಹಲ್ಲಲ್ಲ ಕಣೇ," ಎಂದಳು ಅತ್ತೆಗೆ.

ಅತ್ತೆ ನಕ್ಕಳು. ತುಟಿ ಮುಚ್ಚುವುದನ್ನು ಮರೆತು, ಗೆರೆ ಗೆರೆಯ ಹಲ್ಲುಗಳನ್ನೆಲ್ಲ ತೋರಿಸಿ, ಬಾಯಿ ತುಂಬ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.