ಆಯಿ ಅಂದರೆ ಯಾರು?

ಇಂಗಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಏನೂ ಇರಲಿಲ್ಲ, ವಾಸನೆ ಮಾತ್ರ ಇತ್ತು. ಇಂಗು ಅಂಥ ಜಾತಿಯದು. ತಾನು ತೀರಿಹೋದ ಮೇಲೂ ಮನೆ ಬಿಟ್ಟು ಹೋಗುವುದಿಲ್ಲ, ಕೆಲವು ಹಿರಿಯರ ಹಾಗೆ. ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಿತ್ತು. ಸೊಸೆ ಕಮಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನ ಮೊಣಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಯಾರನ್ನು ಕಳಿಸಲಿ ಎಂದು ನಿಂತಿರುವಾಗಲೇ ಮೊಮ್ಮಗಳು ನೀಲಾ ಬಂದು ಡಬ್ಬಿ ಕಸಿದುಕೊಂಡಳು. ಮೂಗು ಚಿವುಟಿ ತೋರಿಸಿದಳು. ಮೂಗು ಚಿವುಟಿದರೆ ಇಂಗು. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಬೀದಿಯ ಕಡೆ ಬೆರಳು ಮಾಡಿದಳು. ತಾನೇ ತರುತ್ತೇನೆ ಅಂತ.

ನೀಲಾಳ ವಾರಿಗೆಯವರು ಈಗ ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬರುತ್ತಾರೆ. ಅವಳು ಮಾತ್ರ ಚೌಕು ದಾಟಿ ಒಬ್ಬಳೇ ಎಂದೂ ಹೋದವಳಲ್ಲ. ಓಣಿಯೊಳಗೆ ಅವಳಿಗೆ ಅಡ್ಡಿಯಿಲ್ಲ, ಯಾರ ಮನೆಯ ಉಪ್ಪಿನಕಾಯಿ ಎಲ್ಲಿರುತ್ತದೆ ಎಂಬುದೂ ಗೊತ್ತು. ಆದರೆ ಅಂಗಡಿ ಇರುವುದು ಚೌಕಿನ ಆಚೆ. ಅಲ್ಲಿ ಬಸ್ಸು, ಟಾಂಗಾ, ಗುರುತಿಲ್ಲದ ಮಂದಿ. ಅದರಲ್ಲೂ ಇವತ್ತು ಸಂತೆ. ಬೇಡ ಅನ್ನಲು ಬಾಯಿ ತೆರೆದೆ. ಬಾಯಿ ತೆರೆದದ್ದಷ್ಟೇ, ಅವಳು ಆಗಲೇ ಹೊಸ್ತಿಲು ದಾಟಿದ್ದಳು.

ಇನ್ನೇನು ಮಾಡಲಿ? ಕಟ್ಟೆಯ ಮೇಲೆ ಬಂದು ಕೂತೆ. ನೀವೂ ಹತ್ತಿರ ಕೂಡಿ. ಅವಳು ಬರುವ ತನಕ ನನಗೊಂದು ಜೊತೆ ಬೇಕು.

ಹೈದರಾಬಾದಿನ ಕೆಳಗಿದ್ದ ನಮ್ಮ ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನೀಲಾ ಓಡಾಡುವ ವಯಸ್ಸಿನವಳು. ಓಣಿಯ ಮಕ್ಕಳು ಗೋಲಿ ಆಡುತ್ತಿದ್ದರೆ ಇವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು, ಕೈ ಬಿಟ್ಟರೆ ಕೂತುಬಿಡುತ್ತಿದ್ದಳು. ಮಾತಂತೂ ಇರಲೇ ಇಲ್ಲ. ಊರಿನಲ್ಲಿ ಆಗ ಯಾರ ಬಾಯಲ್ಲಿ ನೋಡಿದರೂ ಒಂದೇ ಸುದ್ದಿ: ನಾವು ಯಾವ ಕಡೆಗೆ, ನಮ್ಮ ಮಾತು ಯಾವುದು, ಕಚೇರಿ ಕಾಗದ ಯಾವ ಅಕ್ಷರದಲ್ಲಿ. ಅದರ ನಡುವೆ ನಮ್ಮ ಕೂಸೂ ಒಂದು ಚಾಷ್ಟಿಯ ಮಾತಾಯಿತು.

“ನಿನ್ನ ಮೊಮ್ಮಗಳು ಶ್ಯಾಣ್ಯಾ ಇದ್ದಾಳ ಬಿಡಬೇ. ಮರಾಠಿನೋ ಕನ್ನಡನೋ ಪಕ್ಕಾ ಆಗ್ಲಿ, ಆಮ್ಯಾಲೆ ಬಾಯಿ ಬಿಚ್ಚತೇನಿ ಅಂತ ಕುಂತಾಳ.”

ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕಮಲಾ ನಗುತ್ತಿರಲಿಲ್ಲ. ಅವಳ ತವರು ಔರಾದ ಕಡೆಯ ಠಾಣಾ ಕುಶನೂರ, ಮನೆಮಾತು ಮರಾಠಿ. ಮಗುವನ್ನು ಕರೆದುಕೊಂಡು ಅಲ್ಲಿಗೆ ಹೋದರೆ ಅವಳ ದೊಡ್ಡಪ್ಪನೇ, “ಇದನ್ನ ಯಾವದರ ಮಠಕ್ಕ ಬಿಟ್ಟು ಬಿಡು ತಾಯಿ, ನಿನಗ ಇನ್ನಾ ವಯಸ್ಸದ” ಎಂದರಂತೆ. ಅವಳು ಉಣ್ಣದೆ ಬಸ್ಸು ಹತ್ತಿ ಬಂದಳು.

ಬೀದರಿನ ದೊಡ್ಡ ದವಾಖಾನೆಗೂ ಹೋದೆವು, ನಾನು, ಕಮಲಾ ಮತ್ತು ನಮ್ಮ ಯಜಮಾನರು. ಮಗನ ನೌಕರಿ ಪರಊರಿನಲ್ಲಿ, ರಜೆಗಷ್ಟೇ ಬರುತ್ತಿದ್ದ. ಆ ದಿನ ಬೀದರಿನಲ್ಲಿ ಒಬ್ಬ ಪೇಂಟರ್ ನಿಚ್ಚಣಿಕೆ ಹತ್ತಿ ಉರ್ದು ಬೋರ್ಡಿನ ಮೇಲೆ ಕನ್ನಡ ಬರೆಯುತ್ತಿದ್ದ. ನೀಲಾ ಅವನ ಬಣ್ಣದ ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. ಡಾಕ್ಟರು ಒಳ್ಳೆಯವರು. ಕಾಲು ಮಡಚಿ ನೋಡಿದರು, ಕಿವಿಯ ಹತ್ತಿರ ಚಿಟಿಕೆ ಹೊಡೆದರು, ನಗಿಸಿದರು.

“ಇದಕ್ಕ ಗುಳಿಗಿ ಇಲ್ಲವ್ವಾ. ಮಂದ್ಯಾಗ ಬಿಡ್ರಿ. ಜಾಸ್ತಿ ಮಾತಾಡ್ರಿ. ತನ್ನ ಹೊತ್ತಿಗಿ ತಾ ಕಲೀತಾಳ.”

ತಿರುಗಿ ಬರುವಾಗ ಬಸ್ಸಿನಲ್ಲಿ ಕಮಲಾ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: “ಅತ್ತಿ, ನಾವು ಇರೂತನಕ ಖರೇ. ನಮ್ಮ ಹಿಂದ ಇಕಿಗಿ ಯಾರ್ರಿ?”

ಹಲಬರ್ಗಾ ಬಂತು, ಜನ ಇಳಿದರು, ಹತ್ತಿದರು. ನಾನು ಸುಮ್ಮನೆ ಕೂತದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ ಎಂದು ನಮ್ಮ ಯಜಮಾನರು ಸಾಯುವ ತನಕ ಹೇಳುತ್ತಿದ್ದರು.

ಆದರೆ ಅವರು ಸುಮ್ಮನಿರಲಿಲ್ಲ. ಡಾಕ್ಟರು ‘ಮಾತಾಡ್ರಿ’ ಅಂದದ್ದನ್ನು ಅವರು ಸರಕಾರಿ ಹುಕುಂ ಎಂದು ತಿಳಿದರು. ಮಾತಾಡುವುದು ಸರಿ, ಯಾವ ಭಾಷೆಯಲ್ಲಿ? ಮನೆಯಲ್ಲಿ ಅವರದು ಕಚೇರಿಯ ಉರ್ದು, ಸೊಸೆಯದು ಮರಾಠಿ, ನನ್ನದು ಬೈಗುಳ ಬೆರೆತ ಕನ್ನಡ. ಮೂರೂ ಕೇಳಿ ಕೂಸು ಗಾಬರಿಯಾಗಿದೆ ಎಂದು ಅವರ ತೀರ್ಮಾನ. “ಇವತ್ತಿನಿಂದ ಈ ಮನ್ಯಾಗ ಒಂದೇ ಭಾಷಾ. ರಾಜ್ಯದ್ದು ಯಾವ್ದೋ ನಮ್ದೂ ಅದೇ” ಎಂದು ಊಟದ ಪಂಕ್ತಿಯಲ್ಲಿ ಸಾರಿದರು. ಹಾಗೆ ಸಾರಿದ್ದು ಅರ್ಧ ಉರ್ದುವಿನಲ್ಲಿ ಎಂಬುದು ಅವರಿಗೆ ಹೊಳೆಯಲಿಲ್ಲ.

ಆದದ್ದೇನು? ಮನೆ ಮೂಕಾಯಿತು. ಯಜಮಾನರು ಒಂದು ಮಾತು ಆಡಬೇಕಾದರೆ ಮೂರು ಸಲ ಕೆಮ್ಮುತ್ತಿದ್ದರು. ಕಮಲಾ ‘ಹೂಂ’, ‘ಇಲ್ರಿ’ ಎರಡರಲ್ಲೇ ದಿನ ಕಳೆಯತೊಡಗಿದಳು. ಮಗುವಿನ ಕಿವಿಗೆ ಮೊದಲು ಮೂರು ಭಾಷೆ ಬೀಳುತ್ತಿದ್ದವು, ಈಗ ಒಂದೂ ಬೀಳದಂತಾಯಿತು.

ಒಂದು ಮಧ್ಯಾಹ್ನ ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಗೋಡೆಯ ಆಚೆ ಕಮಲಾಳ ದನಿ. ಮರಾಠಿಯಲ್ಲಿ, ಗುಟ್ಟಾಗಿ, ಕದ್ದ ಬೆಲ್ಲ ತಿನ್ನುವವರ ಹಾಗೆ ಮಗಳ ಜೊತೆ ಮಾತಾಡುತ್ತಿದ್ದಾಳೆ. ಹಣಿಕಿ ನೋಡಿದೆ. ನೋಡಿದವಳು ಅಲ್ಲೇ ನಿಂತೆ. ನೀಲಾ ಮಾತಾಡುತ್ತಿದ್ದಳು, ಕೈಯಿಂದ! ಕಿವಿ ಹಿಡಿದರೆ ಮಠದ ಗಂಟೆ. ಹೆಬ್ಬೆರಳು ತುಟಿಗೆ ಒತ್ತಿದರೆ ನೀರು. ಮೂಗು ಚಿವುಟಿದರೆ ಒಗ್ಗರಣೆಯ ಇಂಗು. ತಾಯಿ ಕೇಳುತ್ತಾಳೆ, ಮಗಳು ತೋರಿಸುತ್ತಾಳೆ, ಇಬ್ಬರೂ ನಗುತ್ತಾರೆ. ಆಮೇಲೆ ಮಗು ಕೂತಲ್ಲೇ ಒಂದು ಕೈ ಸೊಂಟದ ಮೇಲಿಟ್ಟು, ಮೂತಿ ಮುಂದೆ ಮಾಡಿ, ಇನ್ನೊಂದು ಕೈಯ ಬೆರಳು ಆಡಿಸಿತು. ಕಮಲಾ ಬಿದ್ದು ಬಿದ್ದು ನಕ್ಕಳು.

“ಅದು ಯಾರಬೇ?” ಎಂದೆ, ಗೋಡೆಯ ಮೇಲಿಂದ.

ಕಮಲಾಳ ಮುಖ ಬಿಳಿಚಿತು. “ಅದು… ನೀವ್ರಿ, ಅತ್ತಿ.”

ನಾನು ಹೇಗಿದ್ದೇನೆಂದು ಕನ್ನಡಿಯೂ ನನಗೆ ಅಷ್ಟು ಚೆನ್ನಾಗಿ ತೋರಿಸಿರಲಿಲ್ಲ.

ಅವತ್ತೇ ಯಜಮಾನರ ಹುಕುಂ ರದ್ದಾಯಿತು. ರದ್ದು ಮಾಡಿದ್ದು ನಾನು, ಕೈ ಸೊಂಟದ ಮೇಲಿಟ್ಟುಕೊಂಡು.

ಈಗ ನಿಮಗೆ ಹಮೀದ್ ಸಾಬರ ವಿಷಯ ಹೇಳಬೇಕು. ಎದುರು ಮನೆಯವರು, ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಉರ್ದುವಿನಲ್ಲಿ ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೇ ಹೇಳುತ್ತಿತ್ತು. ಈಗ ಕನ್ನಡ ಪರೀಕ್ಷೆ ಪಾಸು ಮಾಡಬೇಕಾಗಿ ಬಂದಿತ್ತು. ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂಡುತ್ತಿದ್ದರು. ಅವರ ಮನೆಯಲ್ಲಿ ಮಕ್ಕಳು ನಗುತ್ತಿದ್ದರಂತೆ. ಶಾಲೆಯ ಅಂಗಳ ಕಂಡು ಓಡಿಬಂದವಳು ನಾನು, ಅವರು ಬರೆದು ಒರೆಸುವುದನ್ನು ನೋಡಿ ನೋಡಿ ನಾಲ್ಕು ಅಕ್ಷರ ಕಲಿತೆ. ಈಗ ನೀವು ಓದುತ್ತಿರುವುದು ಅದೇ ಪಾಟಿಯ ವಿದ್ಯೆ. ತಪ್ಪಿದ್ದರೆ ಹಮೀದ್ ಸಾಬರನ್ನೇ ಕೇಳಬೇಕು.

“ಅಕ್ಕಾ, ಬಾಕಿ ಎಲ್ಲಾ ಹ್ಯಾಂಗರ ಆದೀತು. ಈ ಒತ್ತಕ್ಷರ ಅದ ನೋಡ್ರಿ, ಮನಿ ಕೆಳಗ ಬಾಡಿಗಿಯವ್ರನ್ನ ಇಟ್ಟಂಗ. ಯಾರು ಮಾಲಕ, ಯಾರು ಬಾಡಿಗಿಯವ, ಗೊತ್ತೇ ಆಗಂಗಿಲ್ಲ.”

“ಭಾಯಿ, ಸರಕಾರ ಹೇಳ್ತಂತ ಇಷ್ಟೆಲ್ಲಾ ಅಕ್ಷರ ತಿದ್ಲಿಕತ್ತೀರಿ. ನಮ್ಮ ನೀಲಾಂದೂ ನಾಕು ಮಾತು ಕಲೀರಲ್ಲ. ಒತ್ತಕ್ಷರ ಇಲ್ಲ, ಪರೀಕ್ಷಾ ಇಲ್ಲ.”

ಚಾಷ್ಟಿಗೆ ಅಂದೆನೋ, ಸಿಟ್ಟಿಗೆ ಅಂದೆನೋ, ಈಗ ನೆನಪಿಲ್ಲ. ಅವರು ಪಾಟಿ ಕೆಳಗಿಟ್ಟರು. ನೀಲಾ ಒಂದು ಕೈಯಲ್ಲಿ ಗೋಡೆ ಹಿಡಿದು, ಹೆಬ್ಬೆರಳು ತುಟಿಗೆ ಒತ್ತಿ ನಿಂತಿದ್ದಳು. “ಇದೇನ್ರಿ?” “ನೀರು.” ಸಾಬರು ಎದ್ದು ತಮ್ಮ ಮನೆಗೆ ಹೋಗಿ ತಂಬಿಗೆ ತಂದು ಕುಡಿಸಿದರು. ಮಗು ಅವರನ್ನು ನೋಡಿದ ನೋಟ ಹೇಗೆ ಹೇಳಲಿ! ಪರದೇಶದಲ್ಲಿ ಅಲೆದಾಡಿದವರಿಗೆ ಯಾರೋ ನಮ್ಮ ಮಾತಿನಲ್ಲಿ ‘ಊಟಾಯ್ತಾ’ ಎಂದು ಕೇಳಿದರೆ ಹೇಗೆ ನೋಡುತ್ತಾರೆ, ಹಾಗೆ. ಮರುದಿನ ಅವರು ಕಚೇರಿಯಿಂದ ಬರುವುದನ್ನು ಕಂಡು ಗದ್ದ ಸವರಿಕೊಂಡು ತೋರಿಸಿತು. ಗಡ್ಡ. ಹಮೀದ್ ಸಾಬರು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು: “ನನಗ ಹೆಸರಿಟ್ಟಾಳ, ನೋಡ್ರಿ! ನಿಮ್ಗ ಯಾರಿಗರ ಇಟ್ಟಾಳೇನು?”

ಅಷ್ಟು ಸಾಕಾಯಿತು. ಹೆಸರು ಬೇಡ ಅನ್ನುವವರು ಯಾರು? ಅಂಗಡಿಯ ಕಾಶಪ್ಪ ಮೀಸೆ ತಿರುವಿ ತಿರುವಿ ತೋರಿಸಿ ತನ್ನ ಹೆಸರು ಗಿಟ್ಟಿಸಿಕೊಂಡ. ಅವನ ಮಗಳು ಶಾಂತಾ ನೀಲಾಳ ಜೊತೆ ಕೂತು ಹೊಸ ಹೊಸ ಮಾತು ಹುಟ್ಟಿಸಿದಳು. ಆ ವರ್ಷ ಊರೆಲ್ಲ ಹೊಸ ಅಕ್ಷರ ಕಲಿಯುತ್ತಿತ್ತು, ಅದರ ಜೊತೆ ನಮ್ಮ ಓಣಿ ಇನ್ನೊಂದು ಭಾಷೆ ಕಲಿಯಿತು. ಹಮೀದ್ ಸಾಬರು ಕನ್ನಡದಲ್ಲಿ ಫೇಲಾಗಿ ಬಂದ ದಿನ, “ಒಂದರಾಗರ ಪಾಸಾಗೇನಿ, ಅಕ್ಕಾ” ಎಂದು ನೀಲಾಳ ತಲೆ ಸವರಿದರು.

ಆಮೇಲೆ ಒಂದು ಸಂತೆಯ ದಿನ ಹಲಬರ್ಗಾದ ಹೆಣ್ಣುಮಗಳೊಬ್ಬಳು ಕಟ್ಟೆಯ ಹತ್ತಿರ ಬಂದು ನಿಂತಳು. ಸೊಂಟದ ಮೇಲೆ ದೊಡ್ಡ ಹುಡುಗ, ಅವನ ಮುಖದ ತುಂಬ ಸೆರಗು ಹೊದಿಸಿದ್ದಳು. “ನಮ್ಮನ್ಯಾಗೂ ಒಂದದರಿ” ಎಂದಳು, ತಪ್ಪು ಮಾಡಿದವರ ಹಾಗೆ. ಕಮಲಾ ಎದ್ದು ಹೋಗಿ ಆ ಸೆರಗು ಸರಿಸಿದಳು. “ಹುಡುಗಗ ಗಾಳಿ ಆಡ್ಲಿ ಬಿಡ್ರಿ” ಎಂದು ಅವನನ್ನು ತಾನೇ ಎತ್ತಿಕೊಂಡಳು. “ಹೋಗಿ ಸಂತಿ ಮಾಡ್ಕೊಂಡು ಬರ್ರಿ, ನಾ ನೋಡ್ಕೋತೇನಿ.” ಆ ತಾಯಿ ಹೋಗಿ, ಬದನೆಕಾಯಿ ತೆಗೆದುಕೊಂಡು ಬಂದು, ಕಟ್ಟೆಯ ಮೇಲೆ ಕೂತು ಅತ್ತಳು. ಎರಡೂ ಕೈ ಬೀಸಿಕೊಂಡು ಸಂತೆಯಲ್ಲಿ ನಡೆದು ಅವಳಿಗೆ ವರ್ಷಗಳೇ ಆಗಿದ್ದವಂತೆ.

ಸುದ್ದಿ ಗಾಡಿ ಹತ್ತಿ ಹೋಗುತ್ತದೆ. ಸಂತೆಯ ದಿನ ಇನ್ನಷ್ಟು ತಾಯಂದಿರು, ಅಜ್ಜಿಯರು ಬರತೊಡಗಿದರು. ಒಬ್ಬಳು ಮಗುವಿಗೆ ಗಂಟಲಲ್ಲಿ ಸಿಕ್ಕದ ಹಾಗೆ ಗಂಜಿ ಕುಡಿಸುವ ರೀತಿ ತೋರಿಸಿದಳು. ಇನ್ನೊಬ್ಬಳು ಕಂಬದಿಂದ ಕಂಬಕ್ಕೆ ಹಳೆಯ ಇಳಕಲ್ ಸೀರೆ ಬಿಗಿದು, ಅದನ್ನು ಹಿಡಿದು ನಡೆಯುವುದನ್ನು ಕಲಿಸಿದಳು. ನೀಲಾ ಕೈಬಿಟ್ಟು ನಡೆಯಲು ಕಲಿತದ್ದು ಆ ಸೀರೆಯ ಆಸರೆಯಲ್ಲೇ. ಯಾರು ಯಾರ ಜಾತಿ, ಯಾರ ಭಾಷೆ ಎಂದು ಕೇಳಲು ಪುರಸತ್ತು ಎಲ್ಲಿತ್ತು? ಒಂದು ಕೂಸು ಅಳುತ್ತಿತ್ತು, ಇನ್ನೊಂದು ಚಪ್ಪಲಿ ಕಚ್ಚುತ್ತಿತ್ತು.

ಇನ್ನು ನನ್ನ ಸೊಸೆಗೂ ನನಗೂ ಆದ ದೊಡ್ಡ ವ್ಯಾಜ್ಯ. ಒಂದು ದಿನ ಕಮಲಾ ಸಂತೆ ಮುಗಿಸಿ ಬರುತ್ತಿದ್ದಳು. ನೀಲಾ ನನ್ನ ತೊಡೆಯ ಮೇಲಿದ್ದಳು. ಇದ್ದಕ್ಕಿದ್ದಂತೆ ಬಾಯಿ ತೆರೆದು, ದೊಡ್ಡ ದನಿಯಲ್ಲಿ, “ಆಯಿ!”

ನಾನು “ಓ!” ಎಂದೆ. ಅದೇ ಹೊತ್ತಿಗೆ ಕಮಲಾ ಬೀದಿಯಿಂದ “ಓ!” ಎಂದಳು.

ನಮ್ಮಲ್ಲಿ ಆಯಿ ಅಂದರೆ ಅಜ್ಜಿ, ಈ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಕುಶನೂರಿನ ಮರಾಠಿಯಲ್ಲಿ ಆಯಿ ಅಂದರೆ ತಾಯಿ.

“ನನಗ ಅಂದಾಳ!”

“ಅತ್ತಿ, ನನ್ನ ನೋಡಿ ಅಂದಾಳ್ರಿ!”

“ನನ್ನ ತೊಡಿ ಮ್ಯಾಲೆ ಕುಂತು ನಿನಗ್ಯಾಕ ಅಂತಾಳಬೇ?”

ಹಮೀದ್ ಸಾಬರು ಪಾಟಿ ಬಿಟ್ಟು ಎದ್ದರು. “ಇದು ಸರಹದ್ದಿನ ಮಾಮ್ಲಾ. ದಿಲ್ಲಿಯಿಂದ ಮಂದಿ ಬರಬೇಕು.” ಕಟ್ಟೆಯೆಲ್ಲ ನಕ್ಕಿತು. ಕಮಲಾ ಮಾತ್ರ ಕೈಚೀಲ ಅಲ್ಲೇ ಬಿಟ್ಟು ನಿಂತಿದ್ದಳು, ಈರುಳ್ಳಿ ಉರುಳಿ ಚರಂಡಿಯ ಕಡೆ ಹೋಗುತ್ತಿದ್ದವು. ಅವಳ ಮುಖ ನೋಡಿದೆ. ಮಗುವನ್ನು ಎತ್ತಿ ಅವಳ ಕೈಯಲ್ಲಿಟ್ಟೆ. “ತಗೋ. ಔರಾದ್ ಗೆದ್ದದ” ಎಂದೆ. ಈಗಲೂ ಹೇಳುತ್ತೇನೆ, ನನಗೇ ಅಂದದ್ದು. ಆದರೂ ಕೊಟ್ಟೆ. ಆ ಆನಂದ ಒಬ್ಬಳೇ ಹೊರುವಷ್ಟು ಹಗುರ ಇರಲಿಲ್ಲ.

ಅಲ್ಲಿಂದ ಇಲ್ಲಿಯ ತನಕ ನೀಲಾಳ ಬಾಯಿಯ ಮಾತು ಹೆಚ್ಚೇನೂ ಬೆಳೆಯಲಿಲ್ಲ. ಹಮೀದ್ ಸಾಬರು ಕಡೆಗೂ ಪಾಸಾಗಿ ಬೀದರಿಗೆ ಬದಲಿಯಾಗಿ ಹೋದರು. ನಮ್ಮ ಯಜಮಾನರು ಹೋದರು. ಕಾಶಪ್ಪ ಅಂಗಡಿಯನ್ನು ಚೌಕಿನ ಆಚೆ ಸಾಗಿಸಿದ, ಈಗ ಅಲ್ಲಿ ಶಾಂತಾ ಕೂಡುತ್ತಾಳೆ. ಸಂತೆಯ ದಿನ ಕಟ್ಟೆಗೆ ಬರುವವರೂ ಕಡಿಮೆಯಾದರು. ಕೂಸುಗಳು ದೊಡ್ಡವಾದವು, ಅಜ್ಜಿಯರು ತೀರಿಕೊಂಡರು. ಬಸ್ಸಿನಲ್ಲಿ ಕಮಲಾ ಕೇಳಿದ ಮಾತು ಮಾತ್ರ ಈ ಇಂಗಿನ ಡಬ್ಬಿಯ ಹಾಗೆ. ಮುಚ್ಚಳ ತೆಗೆದರೆ ಸಾಕು. ನಮ್ಮ ಹಿಂದೆ ಇವಳಿಗೆ ಯಾರು?

ಹೀಗೆ ಕೂತಿರುವಾಗಲೇ ಕೇಳಿಸಿತು, “ಆಯಿ!”

ನಾನು “ಓ” ಎಂದೆ. ಹಿತ್ತಲಿನಿಂದ ಒದ್ದೆ ಕೈಯಲ್ಲಿ ಓಡಿಬಂದ ಕಮಲಾ “ಓ” ಎಂದಳು. ಇಷ್ಟು ವರ್ಷವಾದರೂ ಇಬ್ಬರೂ ಹಕ್ಕು ಬಿಟ್ಟಿಲ್ಲ.

ನೀಲಾಳ ಕೈಯಲ್ಲಿ ಡಬ್ಬಿ ಇರಲಿಲ್ಲ. ಒಬ್ಬ ಹೆಣ್ಣುಮಗಳ ಕೈ ಇತ್ತು. ಹಿಡಿದು ಎಳೆದುಕೊಂಡೇ ಬರುತ್ತಿದ್ದಳು. ಆ ಹೆಣ್ಣುಮಗಳ ಸೊಂಟದ ಮೇಲೆ ಒಂದು ಕೂಸು, ಮುಖದ ಮೇಲೆ ಸೆರಗು.

“ನಮ್ಮೂರು ಮೆಹಕರ್ರಿ” ಎಂದಳು, ಏದುಸಿರು ಬಿಡುತ್ತ. “ಅಂಗಡ್ಯಾಗ ಇಕಿ ಮೂಗು ಚಿವುಟಿದಳು, ಅಂಗಡಿ ಅಕ್ಕ ಇಂಗು ತೂಗಿದಳು. ನಾ ನೋಡ್ಕೋತ ನಿಂತೆ. ಇಕಿ ಬಂದು ನನ್ನ ಕೂಸಿನ ಮಾರಿ ಮ್ಯಾಲಿನ ಸೆರಗು ಸರಿಸಿದಳು, ನನ್ನ ಕೈ ಹಿಡದಳು, ಬಿಡವಲ್ಲಳು. ಅಂಗಡಿ ಅಕ್ಕ ‘ಹೋಗು, ಇಕಿ ಸಂಗಾಟ ಹೋಗು’ ಅಂದಳ್ರಿ. ಇಲ್ಲಿ… ಇಲ್ಲಿ ಏನದರಿ?”

ನಾನು ಸುತ್ತ ನೋಡಿದೆ. ಏನಿದೆ ಎಂದು ಹೇಳಲಿ?

“ಕಟ್ಟಿ ಅದವ್ವಾ” ಎಂದೆ. “ಕೂಡು.”

ನೀಲಾ ನನ್ನನ್ನು ನೋಡಿದಳು, ಕಮಲಾಳನ್ನು ನೋಡಿದಳು, ಆಮೇಲೆ ಆ ಹೆಣ್ಣುಮಗಳ ಕಡೆ ಬೆರಳು ಮಾಡಿ ನಿಧಾನವಾಗಿ ಹೇಳಿದಳು: “ಆಯಿ.” ಆ ಮಾತು ನಮ್ಮಿಬ್ಬರನ್ನು ಬಿಟ್ಟು ಬೇರೆಯವರಿಗೆ ಹೋದದ್ದು ಅದೇ ಮೊದಲು. ಹಾಗೆ ಹೇಳಿ ಕೂಸನ್ನು ತಾನೇ ಸೊಂಟಕ್ಕೆ ತೆಗೆದುಕೊಂಡಳು, ಅದರ ಹೆಬ್ಬೆರಳು ಹಿಡಿದು ತುಟಿಗೆ ಒತ್ತಿ ತೋರಿಸಿದಳು. ಕಮಲಾ ನೀರು ತರಲು ಒಳಗೆ ಓಡಿದಳು. ಓಡಿದ್ದು ನೀರಿಗಾಗಿಯೋ, ಕಣ್ಣೊರೆಸಿಕೊಳ್ಳಲೋ, ನಾನು ನೋಡಲು ಹೋಗಲಿಲ್ಲ. ನನ್ನವೇ ಸುರಿಯುತ್ತಿದ್ದವು.

“ಸಂತಿ ಆಯ್ತೇನವ್ವಾ ನಿಂದು?” ಎಂದು ಕೇಳಿದೆ.

“ಎಲ್ಲೀದ್ರಿ. ಇದನ್ನ ಹೊತ್ಕೊಂಡು ಹ್ಯಾಂಗ ಮಾಡ್ಲಿ?”

“ಹಂಗಾದ್ರ ಹೋಗಿ ಮಾಡ್ಕೊಂಡು ಬಾ. ನಮ್ಮ ನೀಲಾ ನೋಡ್ಕೋತಾಳ. ಬರುವಾಗ ಅದೇ ಅಂಗಡ್ಯಾಗ ನಮ್ಮ ಇಂಗಿನ ಡಬ್ಬಿ ಉಳದದ, ಅಷ್ಟು ತಗೊಂಡು ಬಾ.”

ಅವಳು ಹೊರಟಳು. ಓಣಿಯುದ್ದಕ್ಕೂ ಆ ಎರಡು ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸೆರಗು ಹಿಡಿದಳು, ಬಿಟ್ಟಳು. ಚೌಕಿನ ಹತ್ತಿರ ಒಂದು ಸಲ ತಿರುಗಿ ನೋಡಿದಳು. ಆಮೇಲೆ, ನಾನು ಕಣ್ಣಾರೆ ಕಂಡೆ, ಕೈ ಬೀಸಿಕೊಂಡು ಚೌಕು ದಾಟಿದಳು.